ದೀಪ ಹಚ್ಚಿದ ಮೇಲೆ ಮೈನಸ್ ಬರೆಯಬಾರದು

ಚಳ್ಳಕೆರೆಯಲ್ಲಿ ನಮ್ಮದು ಎಣ್ಣೆ ಮಿಲ್ಲಿನವರ ಮನೆ. ಮುಂದಿನ ಕೋಣೆಯಲ್ಲಿ ಒಂದು ಕಾಲಕ್ಕೆ ಶೇಂಗಾ ಚೀಲ ಪೇರಿಸುತ್ತಿದ್ದರಂತೆ. ಈಗ ಸಂಜೆಯಾದರೆ ಅಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಾನು ಟ್ಯೂಷನ್ ಮಾಡುತ್ತೇನೆ. ಪಿಯುಸಿಯವರಿಗೆ ಭೌತಶಾಸ್ತ್ರ, ಬಿ.ಕಾಂ.ನವರಿಗೆ ಹಣಕಾಸು ಮತ್ತು ಸಂಖ್ಯಾಶಾಸ್ತ್ರ. ನಾನು ಓದಿದ್ದು ಭೌತಶಾಸ್ತ್ರ ಮಾತ್ರ. ಉಳಿದೆರಡನ್ನು ಮಕ್ಕಳ ಕಾಟ ತಡೆಯಲಾರದೆ ನಾನೇ ಕಲಿತುಕೊಂಡೆ. ಪಾಠ ಹೇಳುವಾಗ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದಕ್ಕೆ ಮಕ್ಕಳು ಕಾರಣ ಅಂತ ಊರಿನವರು ತಿಳಿದಿದ್ದಾರೆ. ಕಾರಣ ನಮ್ಮತ್ತೆ.

ಅತ್ತೆ ನಡುಮನೆಯ ಹೊಸ್ತಿಲ ಪಕ್ಕ ಮೊರ ಇಟ್ಟುಕೊಂಡು ಶೇಂಗಾ ಬಿಡಿಸುತ್ತಾ ಕೂರುತ್ತಿದ್ದರು. ಕೈ ಶೇಂಗಾದ ಮೇಲೆ, ಕಿವಿ ನನ್ನ ಮೇಲೆ. ಒಂದು ದಿನ ನಾನು ಮಕ್ಕಳಿಗೆ, "ಜಟಿಂಗ ರಾಮೇಶ್ವರದ ಬೆಟ್ಟದ ತುದಿಯಿಂದ ಒಂದು ಕಲ್ಲನ್ನು ಕೆಳಗೆ ಬಿಟ್ಟರೆ ಅದು ನೆಲ ಮುಟ್ಟುವಾಗ ವೇಗ ಎಷ್ಟು?" ಎಂದು ಬರೆಸಿದೆ. ಪುಸ್ತಕದಲ್ಲಿದ್ದ ಯಾವುದೋ ಗೋಪುರಕ್ಕಿಂತ ನಮ್ಮ ಬೆಟ್ಟವೇ ವಾಸಿ ಅಂತ ನನ್ನ ಜಾಣತನ.

"ಅಲ್ಲ ಕಣವ್ವಾ, ದೇವಸ್ಥಾನದ ಮೇಲಿಂದ ಯಾರಾದ್ರೂ ಕಲ್ಲು ಹಾಕ್ತಾರಾ? ಕೆಳಗೆ ಜನ ಹತ್ತುತಿರ್ತಾರೆ," ಅಂದರು ಅತ್ತೆ.

"ಇದು ಲೆಕ್ಕ ಅತ್ತೆ. ಜನ ಇಲ್ಲ."

"ಜನ ಇಲ್ದಿರೋ ಬೆಟ್ಟಕ್ಕೆ ಕಲ್ಲು ಹಾಕೋಕೆ ಇವನ್ಯಾಕೆ ಹತ್ತಿದ?"

ಮಕ್ಕಳು ಪುಸ್ತಕದೊಳಗೆ ಮುಖ ಹುದುಗಿಸಿಕೊಂಡು ನಕ್ಕರು. ಆ ಲೆಕ್ಕ ಅಂದು ಮುಗಿಯಲಿಲ್ಲ. ಇನ್ನೊಂದು ದಿನ ಗಾಳಿಯ ತಡೆಯನ್ನು ಬಿಟ್ಟುಬಿಡಿ ಅಂದೆ. ಆಷಾಢದಲ್ಲಿ ಚಳ್ಳಕೆರೆಯ ಗಾಳಿ ಬಿಟ್ಟುಬಿಡು ಅಂದರೆ ಬಿಡುತ್ತದಾ ಅಂತ ಹೊಸ್ತಿಲಿಂದ ಪ್ರಶ್ನೆ ಬಂತು. ನನಗೆ ತಲೆ ಕೆಟ್ಟು ಹೋಗಿ, "ಇಷ್ಟೆಲ್ಲ ಗೊತ್ತಿರೋರು ನೀವೇ ಪರೀಕ್ಷೆ ಕಟ್ಟಿ ನೋಡೋಣ," ಅಂದುಬಿಟ್ಟೆ. ಮಾತಿಗೆ ಅಂದದ್ದು. ಅತ್ತೆ ಮೊರ ಕೆಳಗಿಟ್ಟರು. ಮುಂದಿನ ತಿಂಗಳು ಮಾವನವರ ಕೈಯಲ್ಲಿ ಅರ್ಜಿ ತರಿಸಿ, ದೂರಶಿಕ್ಷಣದ ಬಿ.ಕಾಂ.ಗೆ ಸೇರಿಯೇಬಿಟ್ಟರು.

ಅವರಿಗೆ ಒಳಗೊಳಗೇ ಒಂದು ಕುದಿ ಇತ್ತು. ಪಿಯುಸಿ ಮುಗಿಸುತ್ತಿದ್ದಂತೆ ಕೊಂಡ್ಲಹಳ್ಳಿಯ ತವರಿನಿಂದ ಅವರನ್ನು ಚಳ್ಳಕೆರೆಗೆ ಮದುವೆ ಮಾಡಿ ಕಳಿಸಿದ್ದರು. ಅವರ ತಂಗಿ ಮಾತ್ರ ಓದಿ, ಶಿಕ್ಷಕಿಯಾಗಿ, ಮೊಳಕಾಲ್ಮುರಿನಲ್ಲಿ ಮನೆ ಮಾಡಿ, ಅಲ್ಲೇ ನಿವೃತ್ತಿಯೂ ಆದರು. ಅವರು ನನಗೆ ಚಿಕ್ಕತ್ತೆ. ಯಾರ ಮದುವೆಯಲ್ಲಿ ಸಿಕ್ಕರೂ ಅಕ್ಕನನ್ನು ಅಡುಗೆಮನೆಯ ಕಡೆ ಕೈ ತೋರಿಸಿ ಕಳಿಸಿ, ತಾವು ಮುಂದಿನ ಕುರ್ಚಿಯಲ್ಲಿ ಕೂತು ನೌಕರಿಯವರ ಜೊತೆ ಮಾತಿಗಿಳಿಯುತ್ತಿದ್ದರು. ಅತ್ತೆಗೆ ಬೇಕಾಗಿದ್ದು ಪದವಿಗಿಂತ ಹೆಚ್ಚಾಗಿ ಆ ಕುರ್ಚಿಯ ಪಕ್ಕದ ಕುರ್ಚಿ.

ಉಳಿದ ಪತ್ರಿಕೆಗಳನ್ನೆಲ್ಲ ಬಾಯಿಪಾಠದ ಬಲದ ಮೇಲೆ ದಾಟಿದರು. ಸಂಖ್ಯಾಶಾಸ್ತ್ರದಲ್ಲಿ ಮಾತ್ರ ಬಿದ್ದರು. ಸುದ್ದಿ ಗಾಳಿಗಿಂತ ಮೊದಲು ಮೊಳಕಾಲ್ಮುರು ಮುಟ್ಟಿತು. ಚಿಕ್ಕತ್ತೆ ಡಬ್ಬಿ ತುಂಬ ಶೇಂಗಾ ಹೋಳಿಗೆ ಮಾಡಿಕೊಂಡು ಬಸ್ಸು ಹತ್ತಿ ಸಮಾಧಾನ ಹೇಳಲು ಬಂದರು.

"ಹೋಗ್ಲಿ ಬಿಡಕ್ಕಾ. ಎಲ್ರಿಗೂ ಲೆಕ್ಕ ಹತ್ತಲ್ಲ, ಅಂತೇ ಕದಾ," ಅಂದರು. ಮೊಳಕಾಲ್ಮುರಿನಲ್ಲಿ ಸಂಸಾರ ಮಾಡಿ ತೆಲುಗು ಅವರ ನಾಲಿಗೆಗೆ ಅಂಟಿಕೊಂಡಿದೆ, ಅಷ್ಟೇ ಅಲ್ವಾ ಅನ್ನುವುದೂ ತೆಲುಗಿನಲ್ಲೇ.

ಅತ್ತೆ ನಗುನಗುತ್ತಲೇ ಹೋಳಿಗೆ ತಿಂದರು. ತಂಗಿ ಬಸ್ಸು ಹತ್ತಿದ ಮೇಲೆ ನನ್ನ ಮುಂದೆ ಬಂದು ಕೂತರು. "ನೋಡವ್ವಾ, ಈ ಸಲ ಹೋದ್ರೆ ಅವಧಿ ಮುಗೀತೈತಂತೆ. ಮತ್ತೆ ಮೊದಲ್ನೇ ವರ್ಷದಿಂದ ಕಟ್ಟಬೇಕು. ಅಷ್ಟು ತಾಳ್ಮೆ ನನಗೆ ಇಲ್ಲ. ಅವಳು ಇನ್ನೊಂದು ಡಬ್ಬಿ ತಗಂಡು ಬಂದ್ರೆ ತಿನ್ನೋಕೂ ನನಗೆ ಆಗಲ್ಲ," ಅಂದರು. ಆ ಹೊತ್ತಿಗೆ ಅವರ ಕಣ್ಣು ತುಂಬಿತ್ತು. ನನಗೆ ಸಿಟ್ಟು ಬಂತು. ಪಾಸು ಮಾಡಿಸದೆ ಬಿಡುವುದಿಲ್ಲ ಅಂತ ಅವತ್ತೇ ಪಣ ತೊಟ್ಟೆ.

ಪರಶುರಾಂಪುರದ ಕಡೆಯಿಂದ ಮಾರುಕಟ್ಟೆಗೆ ಬರುವ ಈರುಳ್ಳಿಯ ಲೆಕ್ಕ ಕೊಟ್ಟೆ. ಒಂದು ಸಾಲಿನಲ್ಲಿ ಬಂದ ಚೀಲ, ಇನ್ನೊಂದರಲ್ಲಿ ಸಿಕ್ಕ ರೇಟು. ಎರಡಕ್ಕೂ ಸರಾಸರಿ ತೆಗೆದು, ಪ್ರತಿ ಅಂಕಿಯೂ ಸರಾಸರಿಯಿಂದ ಎಷ್ಟು ದೂರ ಐತೆ ಅಂತ ಬರೆದು, ಗುಣಿಸಿ, ಎರಡರ ಸಂಬಂಧ ಹೇಳಬೇಕು. ಚೀಲ ಜಾಸ್ತಿಯಾದರೆ ರೇಟು ಬೀಳುತ್ತದೆ, ಆದ್ದರಿಂದ ಉತ್ತರ ಮೈನಸ್ಸಿನಲ್ಲಿ ಬರಬೇಕು. ಅತ್ತೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಭಾಗದಲ್ಲಿ ಮುತ್ತು ಪೋಣಿಸಿದಂತೆ ಬರೆದರು. ಕೂಡಿಸಿದ್ದು ಸರಿ, ಗುಣಿಸಿದ್ದು ಸರಿ, ಭಾಗಿಸಿದ್ದು ಸರಿ. ಉತ್ತರ ತಪ್ಪು. ಇಡೀ ಹಾಳೆಯಲ್ಲಿ ಒಂದೇ ಒಂದು ಮೈನಸ್ ಗುರುತು ಇರಲಿಲ್ಲ.

"ಇಲ್ಲಿ ಮೈನಸ್ ಎಲ್ಲಿ ಹೋಯ್ತು ಅತ್ತೆ?"

"ದೀಪ ಹಚ್ಚಿದ ಮೇಲೆ ಹೆಂಗವ್ವಾ ಬರೀಲಿ?"

ಆಗ ತಿಳಿಯಿತು. ವ್ಯಾಪಾರಸ್ಥರ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಇಲ್ಲ ಅನ್ನಬಾರದು, ಖಾಲಿ ಅನ್ನಬಾರದು, ನಷ್ಟದ ಮಾತೆತ್ತಬಾರದು. ಅಕ್ಕಿ ಮುಗಿದರೆ ನಮ್ಮನೆಯಲ್ಲಿ ತರಬೇಕು ಅನ್ನುತ್ತೇವೆ, ಮುಗಿದಿದೆ ಅನ್ನುವುದಿಲ್ಲ. ಅತ್ತೆಯ ತವರಿನಲ್ಲಿ ಇದು ಇನ್ನೂ ಬಿಗಿ. ಅವರ ಅವ್ವ, ಹೆಣ್ಣುಮಕ್ಕಳು ಸಂಜೆ ದೀಪದ ಮುಂದೆ ಶಾಲೆಯ ಲೆಕ್ಕ ಮಾಡುವಾಗ ಕಳೆಯುವ ಗುರುತು ಹಾಕಿದರೆ ಬೆರಳ ಗಿಣ್ಣಿಗೆ ಹೊಡೆಯುತ್ತಿದ್ದರಂತೆ. ಮನಸ್ಸಿನಲ್ಲೇ ಕಳೆದು ಬರೀ ಅಂಕಿ ಬರೆಯುವುದು ಅಲ್ಲಿ ಕಲಿತ ಪಾಠ. ಹಗಲಿನಲ್ಲಾದರೂ ಬರೆಯಬಹುದಿತ್ತಲ್ಲ ಅಂದರೆ, ಕೈ ಅದನ್ನು ಮರೆತೇ ಹೋಗಿತ್ತು. ಹೇಗೋ ಪಾಸಾಗಿದ್ದ ಹಣಕಾಸಿನ ಪತ್ರಿಕೆಯಲ್ಲೂ ಇದೇ ಕಥೆ. ಒಂದು ಗಾಣದ ಯಂತ್ರ ಕೊಂಡರೆ ನಷ್ಟ ಅಂತ ಉತ್ತರ ಬರಬೇಕಾದ ಕಡೆ, ಇವರು ಮೈನಸ್ ನುಂಗಿಕೊಂಡು, ಕೂಡಲೇ ಕೊಳ್ಳಿರಿ ಅಂತ ಸಲಹೆ ಬರೆದು ಬಂದಿದ್ದರು. ಅಂಥಾ ಸಲಹೆ ಕೇಳಿದ್ದರೆ ನಮ್ಮ ಮಿಲ್ಲಿಗೆ ಯಾವತ್ತೋ ಬೀಗ ಬೀಳುತ್ತಿತ್ತು.

ಬೈದೆ. ರಮಿಸಿದೆ. ಮಧ್ಯಾಹ್ನ ಕೂರಿಸಿ ಬರೆಸಿದೆ. ಮೈನಸ್ ಹಾಕಬೇಕಾದ ಜಾಗಕ್ಕೆ ಬಂದರೆ ಪೆನ್ನು ತನ್ನಷ್ಟಕ್ಕೆ ಹಾರಿ ಮುಂದೆ ಕೂರುತ್ತಿತ್ತು. ಕೊನೆಗೆ ನನಗೊಂದು ಕಿಡಿಗೇಡಿ ಉಪಾಯ ಹೊಳೆಯಿತು. ಹಾಳೆಯ ನಡುವೆ ಗೆರೆ ಎಳೆದೆ.

"ಸರಾಸರಿಗಿಂತ ಮೇಲಿರೋವೆಲ್ಲ ಈ ಕಡೆ. ಇವು ನಿಮ್ಮವು. ಕೆಳಗಿರೋವೆಲ್ಲ ಆ ಕಡೆ. ಅವು ಚಿಕ್ಕತ್ತೆಯವು. ಅವರ ಕಡೆ ಮೈನಸ್ ಹಾಕೋಕೇನು ಅಡ್ಡಿ?"

ಅತ್ತೆ ಗೋಡೆಯ ಮೇಲಿನ ದೇವರ ಪಟವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು ತಂಗಿಯ ಕಡೆ ಸಾಲುಸಾಲಾಗಿ ಮೈನಸ್ ಎಳೆದರು. ಅಂಥ ದಪ್ಪ ಮೈನಸ್ಸನ್ನು ನಾನು ಯಾವ ವಿದ್ಯಾರ್ಥಿಯ ಹಾಳೆಯಲ್ಲೂ ಕಂಡಿಲ್ಲ. ಹಾಳೆ ಹರಿಯುವುದೊಂದು ಬಾಕಿ.

ಅಲ್ಲಿಂದ ಮುಂದೆ ಪಾಠ ಓಡಿತು. ಒಂದೇ ಕಡೆ ಜಗಳ ಎದ್ದಿತು. ಎರಡು ಮೈನಸ್ ಗುಣಿಸಿದರೆ ಪ್ಲಸ್ ಆಗುತ್ತದೆ ಅಂದಾಗ ಅತ್ತೆ ಪೆನ್ನು ಕೆಳಗಿಟ್ಟು, "ಅವಳಿಗ್ಯಾಕೆ ಪ್ಲಸ್ಸು?" ಅಂದರು. ಇದು ನಾನು ಮಾಡಿದ ಕಾನೂನಲ್ಲ ಅಂತ ಕೈ ಮುಗಿದೆ. ಇನ್ನೊಂದು ದಿನ ಎರಡೂ ಕಡೆಯ ಮೊತ್ತ ಕೂಡಿಸಿ ನೋಡಿ, ಮತ್ತೊಮ್ಮೆ ಮೊದಲಿನಿಂದ ಕೂಡಿಸಿದರು. ಸರಾಸರಿಯಿಂದ ಮೇಲಿನ ದೂರಗಳ ಮೊತ್ತವೂ ಕೆಳಗಿನ ದೂರಗಳ ಮೊತ್ತವೂ ಯಾವಾಗಲೂ ಸರಿಸಮ ಬರುತ್ತವೆ. ಅದು ಸರಾಸರಿಯ ಗುಣ.

"ಯಾವ ಲೆಕ್ಕ ಕೊಟ್ರೂ ಹಿಂಗೇ ಬರ್ತೈತಾ?"

"ಯಾವ ಲೆಕ್ಕ ಕೊಟ್ರೂ."

"ಹಂಗಾರೆ ನಾನು ಮೇಲೆ ಹೋದಷ್ಟೂ ಅವಳು ಕೆಳಗೆ ಹೋಗ್ತಾಳೆ," ಅಂದರು. ಖುಷಿಯಾಗಬೇಕಿತ್ತು. ಆದರೆ ಅವರು ಆ ಹಾಳೆಯನ್ನು ಮಡಚಿ ಎತ್ತಿಟ್ಟು ಒಲೆಯ ಕಡೆ ಹೋದರು.

ಪರೀಕ್ಷೆಯ ಕೇಂದ್ರ ಬಿದ್ದದ್ದು ಮೊಳಕಾಲ್ಮುರಿನಲ್ಲೇ. ನಾನೂ ಜೊತೆಗೆ ಹೋದೆ. ಮುಗಿದ ಕೂಡಲೇ ಸದ್ದಿಲ್ಲದೆ ಬಸ್ಸು ಹತ್ತಿಬಿಡೋಣ ಅಂತ ಅತ್ತೆಯ ಯೋಜನೆ. ಗೇಟಿನ ಹೊರಗೆ ಚಿಕ್ಕತ್ತೆ ಛತ್ರಿ ಹಿಡಿದು ನಿಂತಿದ್ದರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಮುದ್ದೆ ಬಡಿಸಿದರು. ಕೈ ತೊಳೆಯುವುದೇ ತಡ, ಎಲ್ಲಿ ಪೇಪರು ತಾ ಅಂದರು. ಕೆಂಪು ಪೆನ್ನು ಆಗಲೇ ಅವರ ಕೈಯಲ್ಲಿತ್ತು.

ಪ್ರಶ್ನೆಪತ್ರಿಕೆಯಲ್ಲಿ ದೊಡ್ಡ ಅಂಕದ ಲೆಕ್ಕ ಸಹಸಂಬಂಧದ್ದೇ, ನಮ್ಮ ಈರುಳ್ಳಿ ಲೆಕ್ಕದಂಥದ್ದು. ಹೆಂಗೆ ಮಾಡೋದು ಅಂತ ಪೇಪರಿನ ಕೊನೆಯ ಪುಟದಲ್ಲಿ ಅಚ್ಚಾಗಿದ್ದ ಸೂತ್ರ ನೋಡಿಕೊಂಡು ಚಿಕ್ಕತ್ತೆ ತಾವೇ ಬಿಡಿಸಿದರು. ಅತ್ತೆ ಎದುರಿಗೆ ಕೂತು ಸೆರಗಿನ ಅಂಚನ್ನು ಸುತ್ತುತ್ತಿದ್ದರು. ಕೊನೆಗೆ ಚಿಕ್ಕತ್ತೆ ತಲೆಯೆತ್ತಿ, "ನಿನಗೆಷ್ಟು ಬಂತಕ್ಕಾ?" ಅಂದರು.

"ಮೈನಸ್ಸು, ಸೊನ್ನೆ ಪಾಯಿಂಟ್ ಒಂಬತ್ತು."

"ಅಯ್ಯೋ, ಮೈನಸ್ ಯಾಕ್ ಹಾಕಿದೆ? ಬರೀ ಸೊನ್ನೆ ಪಾಯಿಂಟ್ ಒಂಬತ್ತು. ಹೋಯ್ತಲ್ಲೇ, ಇಡೀ ಲೆಕ್ಕ ಹೋಯ್ತು."

ಅತ್ತೆಯ ಮುಖ ಸುಣ್ಣದಂತಾಯಿತು. ನಲವತ್ತು ವರ್ಷ ಪಾಠ ಹೇಳಿದವರ ಬಾಯಿಂದ ಬಂದ ಮಾತು ಅದು. ನಾನು ಎದ್ದು ಚಿಕ್ಕತ್ತೆಯ ಹಾಳೆ ನೋಡಿದೆ. ಕೂಡಿಸಿದ್ದು ಸರಿ, ಗುಣಿಸಿದ್ದು ಸರಿ. ಇಡೀ ಹಾಳೆಯಲ್ಲಿ ಒಂದೇ ಒಂದು ಮೈನಸ್ ಇರಲಿಲ್ಲ. ಅದೇ ಕೊಂಡ್ಲಹಳ್ಳಿಯ ದೀಪ, ಅದೇ ಅವ್ವನ ಏಟು. ಶಾಲೆಯಲ್ಲಿ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸುವಾಗ ಹೇಗೆ ನಿಭಾಯಿಸಿದರೋ ಅವರಿಗೇ ಗೊತ್ತು. ಅಂತೂ ಸ್ವಂತ ಮನೆಯ ಮೇಜಿನ ಮೇಲೆ ಅವರ ಕೈ ಕೂಡ ಅತ್ತೆಯ ಕೈಯಂತೆಯೇ ಹಾರಿ ಕೂತಿತ್ತು.

"ಅತ್ತೇದು ಸರಿ ಐತೆ ಚಿಕ್ಕತ್ತೆ. ತಪ್ಪಿರೋದು ನಿಮ್ದು," ಅಂದೆ. ಸುಳ್ಳು ಯಾಕೆ ಹೇಳಲಿ, ಹೋಳಿಗೆ ತಿಂದಷ್ಟು ಸುಖವಾಯಿತು.

ಚಿಕ್ಕತ್ತೆ ಮತ್ತೆ ಮತ್ತೆ ಹಾಳೆಯ ಮೇಲೆ ಬೆರಳಾಡಿಸಿದರು. ಎಲ್ಲಿ ತಪ್ಪಿದೆ ಅಂತ ಅವರಿಗೆ ಕಾಣುತ್ತಿರಲಿಲ್ಲ. ಕಿವಿ ಕೆಂಪಗಾಗಿತ್ತು. ನಾನು ಅತ್ತೆಯ ಕಡೆ ತಿರುಗಿದೆ. ಈಗ ಹೇಳಿ, ಈಗ ಆಡಿಬಿಡಿ, ಇಷ್ಟು ವರ್ಷದ್ದನ್ನೆಲ್ಲ ತೀರಿಸಿಬಿಡಿ ಅಂತ ಕಣ್ಣಲ್ಲೇ ಹುರಿದುಂಬಿಸಿದೆ.

ಅತ್ತೆ ಕುರ್ಚಿ ಎಳೆದು ತಂಗಿಯ ಪಕ್ಕಕ್ಕೆ ಹಾಕಿಕೊಂಡರು. ಅವರ ಕೈಯಿಂದ ಕೆಂಪು ಪೆನ್ನು ತೆಗೆದುಕೊಂಡು ಹಾಳೆಯ ನಡುವೆ ಗೆರೆ ಎಳೆದರು. "ಇಲ್ನೋಡೇ. ಅವ್ವ ಹೊಡೀತಾಳೆ ಅಂತ ನೀನೂ ನುಂಗಿದ್ದೀಯ. ಅದಕ್ಕೊಂದು ದಾರಿ ಐತೆ. ಸರಾಸರಿಗಿಂತ ಮೇಲಿರೋವೆಲ್ಲ ಈ ಕಡೆ ಬರ್ಕೋ, ಇವು ನಿನ್ನವು. ಕೆಳಗಿರೋವು ನನ್ನವು. ನನ್ನ ಕಡೆ ಎಷ್ಟು ಬೇಕಾದ್ರೂ ಮೈನಸ್ ಹಾಕು, ನಾನೇನೂ ಅನ್ಕಳ್ಳಲ್ಲ," ಅಂದರು.

ನಾನು ಹೇಳಿಕೊಟ್ಟದ್ದು ಹಾಗಲ್ಲ ಅಂತ ಬಾಯಿ ತೆರೆದವಳು ಮುಚ್ಚಿಕೊಂಡೆ. ಚಿಕ್ಕತ್ತೆ ಬರೆಯುತ್ತಾ ಹೋದರು. ಅವರ ಮೈನಸ್ಸುಗಳು ಸಣ್ಣಸಣ್ಣದಾಗಿ, ಮುಜುಗರದಿಂದ ಬಿದ್ದವು.

ಫಲಿತಾಂಶ ಬಂತು, ಅತ್ತೆ ಪಾಸಾದರು. ಸ್ವಲ್ಪ ದಿನಕ್ಕೆ ಮೊಳಕಾಲ್ಮುರಿನಲ್ಲಿ ಒಂದು ಸೀಮಂತಕ್ಕೆ ಹೋಗಿದ್ದೆವು. ಚಿಕ್ಕತ್ತೆ ಅಕ್ಕನ ಕೈ ಹಿಡಿದು ಮುಂದಿನ ಸಾಲಿಗೇ ಕರೆದೊಯ್ದರು. "ಇವ್ರು ನಮ್ಮಕ್ಕ, ಬಿ.ಕಾಂ. ಮಾಡ್ಯಾರೆ. ಸಂಖ್ಯಾಶಾಸ್ತ್ರ ಬಾಳ ಕಷ್ಟ. ಅದನ್ನ ನಾನೇ ಹೇಳಿಕೊಟ್ಟಿದ್ದು," ಅಂತ ಎಲ್ಲರಿಗೂ ಪರಿಚಯ ಮಾಡಿಸಿದರು. ನನಗೆ ಉರಿದುಹೋಯಿತು. ಬಾಯಿ ಬಿಡುವಷ್ಟರಲ್ಲಿ ಅತ್ತೆ ನನ್ನ ಮಂಡಿ ಒತ್ತಿ, "ಹೌದು, ಅವಳೇ ಹೇಳಿಕೊಟ್ಟಿದ್ದು," ಅಂದರು.

ಚಳ್ಳಕೆರೆಯ ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತೆ. ದಾರಿ ಅರ್ಧ ಸವೆದ ಮೇಲೆ ತಡೆಯಲಾಗದೆ, "ಅಲ್ಲ ಅತ್ತೆ, ದಿನಾ ಗಂಟಲು ಹರ್ಕೊಂಡೋಳು ನಾನು. ಅವರು ಯಾವತ್ತು ಹೇಳಿಕೊಟ್ರು?" ಅಂದೆ.

ಅತ್ತೆ ಕಿಟಕಿಯ ಗಾಳಿಗೆ ಸೆರಗು ಬಿಗಿದುಕೊಂಡರು.

"ನಿನ್ ಹತ್ರ ಓದೋರು ಕೋಣೆ ತುಂಬ ಅದಾರೆ ಕಣವ್ವಾ. ಅವಳು ರಿಟೈರಾದ ಮೇಲೆ ಅವಳ ಹತ್ರ ಓದಿದೋಳು ನಾನೊಬ್ಳೇ."