ಅಮ್ಮನ ಡಬ್ಬಿಯ ಮೂಳೆಗಳು

ಬೀದಿಯವರು ಅವಳನ್ನು ಮೂಳೆಯಕ್ಕ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಬೀದಿ ಬಹಳ ಕಿರಿದು. ಬೆನ್ನ ಹಿಂದೆ ಆಡಿದ್ದು ಎದುರಿಗೇ ಕೇಳಿಸುತ್ತಿತ್ತು. ಅವಳಿಗೇನೂ ಬೇಸರವಿರಲಿಲ್ಲ, ಮಾಡುತ್ತಿದ್ದ ಕೆಲಸವೇ ಅದು. ಸಾವಿರಾರು ವರ್ಷಗಳ ಹಿಂದೆ ಜನ ಬಾಳಿ ಹೋದ ಜಾಗಗಳನ್ನು ಅಗೆಯುವವರು ಮಣ್ಣಿನಲ್ಲಿ ಸಿಕ್ಕ ಪ್ರಾಣಿಗಳ ಮೂಳೆಚೂರುಗಳನ್ನು ಚೀಲಗಟ್ಟಲೆ ಕಳಿಸುತ್ತಿದ್ದರು. ಅವಳು ಅವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಒಣಗಿಸಿ, ಇದು ಕುರಿ, ಇದು ದನ, ಇದು ಜಿಂಕೆ ಎಂದು ಬೇರೆ ಮಾಡುತ್ತಿದ್ದಳು. ಚಿನ್ನ ಸಿಕ್ಕರೆ ಮಂತ್ರಿಗಳು ನೋಡಲು ಬರುತ್ತಾರೆ, ಮಡಕೆ ಸಿಕ್ಕರೆ ಪತ್ರಿಕೆಯವರಾದರೂ ಬರುತ್ತಾರೆ. ಮೂಳೆಯನ್ನು ನೋಡಲು ಬರುತ್ತಿದ್ದವಳು ಇವಳೊಬ್ಬಳೇ.

ಆ ಜನರ ಹೊಟ್ಟೆಪಾಡು ಏನಿತ್ತು ಎಂದು ಕೇಳಿದರೆ ಮಾತ್ರ ಚಿನ್ನ ಬಾಯಿ ಬಿಡುವುದಿಲ್ಲ, ಮೂಳೆ ಬಿಡುತ್ತದೆ. ಎಳೆಯ ಗಂಡುಕರುಗಳ ಮೂಳೆಯೇ ಹೆಚ್ಚಿದ್ದರೆ ಅಲ್ಲಿಯವರು ಹಾಲಿಗಾಗಿ ದನ ಸಾಕಿದ್ದರು, ಹಾಲು ಕೊಡದವನ್ನು ಬೆಳೆಯಲು ಬಿಡಲಿಲ್ಲ ಎಂದು ಊಹಿಸಬಹುದು. ಮುದಿ ಎತ್ತಿನ ಗೊರಸಿನ ಮೇಲಿನ ಗೆಣ್ಣು ಸವೆದು ಉಬ್ಬಿದ್ದರೆ, ಪಾಪ, ಅದು ಬದುಕೆಲ್ಲ ಭಾರ ಎಳೆದಿತ್ತು. ಅಂಥ ಮೂಳೆ ಕೈಗೆ ಬಂದಾಗ ಅವಳು ಆ ಎತ್ತಿನ ಬೆನ್ನು ಸವರುವಂತೆ ಒಮ್ಮೆ ಸವರಿಯೇ ತಟ್ಟೆಗಿಡುತ್ತಿದ್ದಳು.

ಕೆಲಸದ ಕೋಣೆ ವಸ್ತುಸಂಗ್ರಹಾಲಯದ ಹಿಂಭಾಗದಲ್ಲಿತ್ತು. ಉದ್ದನೆಯ ಮೇಜು, ಅದರ ಮೇಲೆ ತಗಡಿನ ತಟ್ಟೆಗಳು, ಗೋಡೆ ತುಂಬಾ ಪೆಟ್ಟಿಗೆಗಳು. ಹಳೆಯ ಮೂಳೆಯನ್ನು ಗುರುತಿಸಬೇಕಾದರೆ ಪಕ್ಕದಲ್ಲಿಟ್ಟು ನೋಡಲು ಹೊಸ ಮೂಳೆ ಬೇಕು. ಹೊಸ ಮೂಳೆ ಎಲ್ಲಿಂದ ಬರಬೇಕು? ಊಟದ ತಟ್ಟೆಯಿಂದ! ಹಾಗಾಗಿ ಅವಳ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ತಿಂದ ಮೂಳೆಯನ್ನು ಯಾರೂ ಎಸೆಯಕೂಡದು. ಅಮ್ಮ ಅದನ್ನು ಕುದಿಸಿ, ಉಜ್ಜಿ, ಬಿಸಿಲಲ್ಲಿ ಒಣಗಿಸಿ, ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತಿದ್ದಳು. ಮಾಂಸದ ಅಂಗಡಿಯವನಿಗೂ ತಾಕೀತಾಗಿತ್ತು, ಕಾಲಿನ ಮೂಳೆಯನ್ನು ಕಡಿಯದೆ ಇಡಿಯಾಗಿ ಕೊಡಬೇಕು ಎಂದು.

ಅಪ್ಪ ಗಡಿಯಾರ ರಿಪೇರಿಯವರು. ಬೀದಿಗೆ ತೆರೆದ ಮುಂದಿನ ಕೋಣೆಯೇ ಅವರ ಅಂಗಡಿ. ಮಧ್ಯಾಹ್ನವಾದರೆ ಕಣ್ಣಿನ ಭೂತಗನ್ನಡಿ ತೆಗೆದಿಟ್ಟು ಒಳಗೆ ಬಂದು ಅಮ್ಮನ ಜೊತೆ ಊಟಕ್ಕೆ ಕೂರುತ್ತಿದ್ದರು. ಸಾರಿನ ಇಡೀ ಮೂಳೆಯನ್ನು, ಮಗಳಿಗೆ ಬೇಕಾದ ತುದಿಗಳು ಕೆಡದಂತೆ, ಕುಟ್ಟಾಣಿಯಿಂದ ನಡುವೆ ಟಕ್ ಎಂದು ಒಂದೇ ಏಟಿಗೆ ಒಡೆದು ಅಮ್ಮನ ತಟ್ಟೆಗೆ ಹಾಕುತ್ತಿದ್ದರು. ಅಮ್ಮನಿಗೆ ಒಳಗಿನ ತಿರುಳು ಎಂದರೆ ಪ್ರಾಣ. ಮೂಳೆ ಸೀಟಿ ಹೊಡೆಯುವಂತೆ ಹೀರುತ್ತಿದ್ದಳು. "ಮೆಲ್ಲಗೆ ಕಣೇ, ಬೀದೀಲಿ ರೈಲು ಬಂತು ಅಂದ್ಕೋತಾರೆ," ಎಂದು ಅಪ್ಪ ಛೇಡಿಸುತ್ತಿದ್ದರು.

ಅಪ್ಪ ಹೋಗಿ ವರ್ಷವಾಗುತ್ತ ಬಂದಿತ್ತು. ಮನೆಯಲ್ಲೀಗ ತಾಯಿ ಮಗಳು ಇಬ್ಬರೇ. ಮಗಳು ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. "ಊಟ ಮಾಡಿದ್ಯಾಮ್ಮ?" ಎಂದರೆ, "ಮಾಡ್ದೆ, ಜಾಸ್ತೀನೇ ಆಯ್ತು. ರಾತ್ರಿಗೆ ಒಂದು ಲೋಟ ಹಾಲು ಸಾಕು," ಎನ್ನುತ್ತಿದ್ದಳು ಅಮ್ಮ. ಅಮ್ಮ ಸೊರಗುತ್ತಿದ್ದದ್ದು ಮಗಳ ಕಣ್ಣಿಗೆ ಬೀಳದೇ ಇರಲಿಲ್ಲ. ಕೇಳಿದರೆ, "ಒಗೆದೂ ಒಗೆದೂ ಬಟ್ಟೆ ಸಡಿಲ ಆಗಿದೆ ಅಷ್ಟೇ," ಎಂಬ ಉತ್ತರ. ಲೋಕದಲ್ಲೆಲ್ಲ ಒಗೆದ ಬಟ್ಟೆ ಕುಗ್ಗುತ್ತದೆ. ಅಮ್ಮನ ಬಟ್ಟೆ ಮಾತ್ರ ಹಿಗ್ಗುತ್ತಿತ್ತು. ಮಗಳಿಗೆ ಅನುಮಾನ ಬಂದಾಗಲೆಲ್ಲ ಕಿಟಕಿಯ ಕಟ್ಟೆಯ ಮೇಲಿನ ಮೂಳೆಯ ಡಬ್ಬಿ ನೋಡುತ್ತಿದ್ದಳು. ಡಬ್ಬಿ ತುಂಬುತ್ತಿತ್ತು. ತಿನ್ನದೆ ಮೂಳೆ ಎಲ್ಲಿಂದ ಬಂದೀತು? ಹಾಗೆಂದುಕೊಂಡು ನಿಶ್ಚಿಂತೆಯಾಗಿ, ತುಂಬಿದ ಡಬ್ಬಿಯನ್ನು ಕೆಲಸಕ್ಕೆ ಒಯ್ದು, ಮುಚ್ಚಳ ಕೂಡ ತೆಗೆಯದೆ ಕಪಾಟಿನಲ್ಲಿ ಪೇರಿಸುತ್ತಿದ್ದಳು. ವರದಿ ಬರೆಯುವ ಗಡಿಬಿಡಿ. ಆಮೇಲೆ ನೋಡಿದರಾಯಿತು ಎಂಬ ಉದಾಸೀನ.

ಒಂದು ದಿನ ಬೆಳಿಗ್ಗೆ ಅವಳ ಮೇಜಿಗೆ ಒಂದು ಪುರಾತನ ಮನೆಯ ಹಿತ್ತಿಲಿನ ಮೂಳೆಗಳು ಬಂದಿದ್ದವು. ಮನೆಯವರು ತಿಂದು ಎಸೆದದ್ದೋ ನಾಯಿಗೆ ಹಾಕಿದ್ದೋ ಎಂಬುದು ಪ್ರಶ್ನೆ. ಮನುಷ್ಯ ತಿರುಳಿಗಾಗಿ ಮೂಳೆಯ ನಡುವೆ ಕುಟ್ಟುತ್ತಾನೆ. ಏಟು ಬಿದ್ದ ಕಡೆ ಚಕ್ಕೆ ಎದ್ದಿರುತ್ತದೆ. ನಾಯಿ ಕುಟ್ಟಾಣಿ ಎಲ್ಲಿಂದ ತಂದೀತು? ಅದು ಮೆದುವಾದ ಎರಡು ತುದಿಗಳನ್ನು ಕಡಿಯುತ್ತ ಕೂರುತ್ತದೆ. ನಡುವಿನ ಕೊಳವೆ ಹಾಗೇ ಉಳಿದು, ಮೈಮೇಲೆಲ್ಲ ಹಲ್ಲಿನ ಗುಳಿ, ಗೀರು. ಪಕ್ಕದಲ್ಲಿಟ್ಟು ತೋರಿಸಲು ನಾಯಿ ಕಡಿದ ಹೊಸ ಮೂಳೆಯೊಂದು ಬೇಕಾಗಿತ್ತು. ಪೆಟ್ಟಿಗೆಗಳಲ್ಲಿ ಇರಲಿಲ್ಲ. ಮನುಷ್ಯ ಒಡೆದದ್ದಾದರೂ ಸಿಕ್ಕೀತು ಎಂದು ಅಮ್ಮನ ಡಬ್ಬಿಯೊಂದನ್ನು ತೆಗೆದು ತಟ್ಟೆಗೆ ಸುರಿದಳು.

ಮೊದಲನೆಯದೇ ನಾಯಿ ಕಡಿದಂಥದ್ದು! ತುದಿಗಳೆರಡೂ ಕಡಿದು ಮಾಯ, ನಡುವೆ ಸಾಲುಸಾಲು ಹಲ್ಲಿನ ಗುರುತು. ಪುಸ್ತಕದಲ್ಲಿ ಅಚ್ಚು ಹಾಕಿಸುವಂತಿತ್ತು. "ನೋಡಿ ಇಲ್ಲಿ, ಅಮ್ಮನ ಡಬ್ಬೀಲಿ ಸಿಕ್ತು, ಎಷ್ಟು ಚೆನ್ನಾಗಿದೆ!" ಎಂದು ಮೂಳೆಗಳ ಚಿತ್ರ ಬರೆಯುವ ಚಿತ್ರಗಾರನ ಬಳಿಗೆ ಓಡಿದಳು.

ಅವನು ಕನ್ನಡಕ ಮೇಲೆತ್ತಿ ನೋಡಿದ. "ಚೆನ್ನಾಗಿದೆ ಮೇಡಂ. ನಿಮ್ಮನೇಗೆ ನಾಯಿ ಯಾವಾಗ ತಂದ್ರಿ?"

"ನಾಯಿನಾ? ನಮ್ಮನೇಲಿ ನಾಯಿ ಇಲ್ವಲ್ಲ."

"ಮತ್ತೆ ಅಮ್ಮನೇ ಕಡಿದ್ರಾ?" ಎಂದು ಅವನು ನಕ್ಕ. ಅವಳೂ ನಗಲು ಹೊರಟಳು. ಆದರೆ ಅರ್ಧಕ್ಕೇ ನಿಲ್ಲಿಸಿ ಮೂಳೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದಳು.

ವಾಪಸು ಬಂದು ಉಳಿದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಸುರಿದಳು. ಎಲ್ಲದರಲ್ಲೂ ಅದೇ ಹಲ್ಲು. ಎಲ್ಲಕ್ಕಿಂತ ಕೆಳಗಿದ್ದ, ಅಪ್ಪ ಇದ್ದಾಗಿನ ಡಬ್ಬಿಯಲ್ಲಿ ಮಾತ್ರ ಮೂಳೆಗಳು ನಡುವೆ ನೀಟಾಗಿ ಒಡೆದಿದ್ದವು, ಒಂದೊಂದರ ಮೇಲೂ ಒಂದೇ ಏಟಿನ ಗುರುತು. ಅಲ್ಲಿಂದ ಈಚೆಗೆ ಒಡೆದ ಮೂಳೆ ಒಂದೂ ಇಲ್ಲ. ಸಾವಿರಾರು ವರ್ಷಗಳ ಹಿಂದೆ ಯಾರು ಏನು ತಿಂದರು ಎಂದು ಹೇಳುವವಳಿಗೆ ತನ್ನ ಅಮ್ಮ ನಿನ್ನೆ ಏನು ತಿಂದಳೆಂದು ಗೊತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ. ಅವಳಿಗೆ ತನ್ನ ಮೇಲೆ ಕೆಟ್ಟ ಸಿಟ್ಟು ಬಂತು, ಅದರ ಹಿಂದೆಯೇ ಹೆದರಿಕೆ. ಅಪ್ಪನನ್ನು ಕಳೆದುಕೊಂಡದ್ದಾಗಿದೆ. ಅಮ್ಮ ಹೀಗೆ ದಿನದಿನಕ್ಕೂ ಕರಗುತ್ತಾ ಹೋದರೆ? ಅರ್ಧ ದಿನ ರಜೆ ಎಂದು ಚಿತ್ರಗಾರನಿಗೆ ಹೇಳಿ, ಕೈ ಕೂಡ ತೊಳೆಯದೆ ಮನೆಗೆ ಹೊರಟಳು.

ಮುಂದಿನ ಬಾಗಿಲು ಚಿಲಕ ಹಾಕಿತ್ತು. ಪಕ್ಕದ ಓಣಿಯಿಂದ ಹಿಂದಕ್ಕೆ ಹೋದಾಗ ಅಮ್ಮನ ದನಿ ಕೇಳಿಸಿತು.

"ಸಾಕು ಕೊಡೋ ದೊರೆ. ಪೂರ್ತಿ ಮುಗಿಸ್ಬೇಡ. ಮಗಳಿಗೆ ಬೇಕು ಅದು."

ಹಿತ್ತಿಲ ಮೆಟ್ಟಿಲ ಮೇಲೆ ಅಮ್ಮ ಕೂತಿದ್ದಳು. ಎದುರಿಗೆ ಒಂದು ಕಿವಿ ಹರಿದ ಬೀದಿನಾಯಿ, ಎರಡು ಕಾಲುಗಳ ನಡುವೆ ಮೂಳೆ ಒತ್ತಿ ಹಿಡಿದು ಕಡಿಯುತ್ತಿತ್ತು. ಅಮ್ಮ ಒಂದು ಕೈಯಲ್ಲಿ ಬಿಸ್ಕತ್ತು ತೋರಿಸಿ, ಇನ್ನೊಂದು ಕೈಯಲ್ಲಿ ಅಡುಗೆಮನೆಯ ಇಕ್ಕಳ ಹಿಡಿದು ವ್ಯಾಪಾರ ಕುದುರಿಸುತ್ತಿದ್ದಳು. "ಇದು ತಗೋ, ಅದು ಕೊಡು. ನ್ಯಾಯ ಅಲ್ವೇನೋ?" ನಾಯಿ ಯೋಚಿಸಿ ಮೂಳೆ ಬಿಟ್ಟಿತು. ಅಮ್ಮ ಇಕ್ಕಳದಿಂದ ಅದನ್ನೆತ್ತಿ ಪಾತ್ರೆಗೆ ಹಾಕಿ, ತಲೆಯೆತ್ತಿ ನೋಡಿದರೆ ಮಗಳು.

"ಇದೇನೇ ಇಷ್ಟು ಬೇಗ? ಮೈ ಹುಷಾರಿಲ್ವಾ?"

"ಊಟ ಆಯ್ತಾಮ್ಮ?"

"ಆಯ್ತಲ್ಲ, ಈಗ ತಾನೇ."

"ಯಾರ್ದು? ನಿಂದಾ, ದೊರೇದಾ?"

ನಾಯಿ ತನ್ನ ಹೆಸರು ಕೇಳಿ ಬಾಲ ಅಲ್ಲಾಡಿಸಿತು. ಗುಟ್ಟು ರಟ್ಟಾಗಲು ಅಷ್ಟು ಸಾಕಾಗಿತ್ತು. ಅಮ್ಮ ಇಕ್ಕಳವನ್ನು ಸೆರಗಿನಲ್ಲಿ ಒರೆಸಿದಳು, ಮತ್ತೆ ಒರೆಸಿದಳು.

"ಒಬ್ಬಳೇ ಕೂತ್ರೆ ಗಂಟಲಲ್ಲಿ ಇಳಿಯಲ್ಲ ಕಣೇ," ಎಂದಳು ಕೊನೆಗೆ. "ದಿನಾ ಮಾಡ್ತೀನಿ, ಬಡಿಸ್ಕೋತೀನಿ. ಎದುರಿಗಿನ ಮಣೆ ನೋಡ್ತೀನಿ. ಎರಡು ತುತ್ತು ಹೋದ್ರೆ ಹೆಚ್ಚು. ನಿಂಗೆ ಹೇಳಿದ್ರೆ ಕೆಲಸ ಬಿಟ್ಟು ನನ್ನ ಕಾಯ್ತಾ ಕೂರ್ತೀಯ. ಡಬ್ಬಿ ಖಾಲಿ ಇದ್ರೆ ನಿಂಗೆ ಗೊತ್ತಾಗ್ಬಿಡುತ್ತಲ್ಲ. ಅದಕ್ಕೇ ಇವನ ಹತ್ರ ಬೇಡಿ ಬೇಡಿ ತಗೋತಿದ್ದೆ."

ಮಗಳು ಬೈಯಬೇಕೆಂದೇ ಬಂದಿದ್ದಳು. ಅಮ್ಮ ಇಕ್ಕಳ ಹಿಡಿದು ನಾಯಿಯ ಮುಂದೆ ಅಂಗಲಾಚಿದ್ದನ್ನು ನೆನೆದು ನಗು ಬಂತು, ನಗುವಿನ ಜೊತೆಗೇ ಅಳು. ಮೆಟ್ಟಿಲ ಮೇಲೆ ಅಮ್ಮನಿಗೆ ಒತ್ತಿಕೊಂಡು ಕೂತು, ಸವೆದ ಭುಜಕ್ಕೆ ತಲೆಯಿಟ್ಟು ಬಿಕ್ಕಿದಳು. ಭುಜದ ಎಲುಬು ಕೆನ್ನೆಗೆ ಚುಚ್ಚಿತು. "ಥೂ, ಅಳ್ತಾರೇನೇ ಇದಕ್ಕೆಲ್ಲ," ಎಂದು ತಲೆ ನೇವರಿಸಿದ ಅಮ್ಮನ ಕಣ್ಣೂ ಒಣಗಿರಲಿಲ್ಲ.

ಒಳಗೆ ಒಲೆಯ ಮೇಲಿನ ಪಾತ್ರೆಯಲ್ಲಿ ಸಾರು ಇನ್ನೂ ಇತ್ತು, ಅದರಲ್ಲೊಂದು ಇಡೀ ಮೂಳೆಯೂ. ಮಗಳು ಕೈ ತೊಳೆದು ಎರಡು ತಟ್ಟೆ ಹಾಕಿ, ಅಪ್ಪನ ಮಣೆಯ ಮೇಲೆ ತಾನೇ ಕೂತು, ಕುಟ್ಟಾಣಿ ಎತ್ತಿದಳು. ಪುರಾತನರು ಮೂಳೆಯನ್ನು ಹೇಗೆ ಒಡೆಯುತ್ತಿದ್ದರು ಎಂದು ಪುಟಗಟ್ಟಲೆ ಬರೆದವಳು. ಮೊದಲ ಏಟಿಗೆ ಮೂಳೆ ಜಾರಿ ನೀರಿನ ಕೊಡದ ಹಿಂದೆ ಹೋಯಿತು.

ಅಮ್ಮ ನಕ್ಕಳು. ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಕೇಳದ ನಗು ಅದು. "ಹಾಗಲ್ಲ ಕಣೇ. ನಿಮ್ಮಪ್ಪ ತುದೀನ ನೆಲಕ್ಕೆ ಒತ್ತಿ, ಓರೆ ಹಿಡೀತಿದ್ರು. ಹೂಂ, ಹಾಗೆ. ಈಗ ಹೊಡಿ."

ಟಕ್. ಅಮ್ಮ ಮೂಳೆ ಎತ್ತಿಕೊಂಡಳು. ಕಣ್ಣು ಮುಚ್ಚಿ, ಬೀದಿಗೆಲ್ಲ ರೈಲು ಬಂದಂತೆ ಹೀರಿದಳು.

ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಿಬರುತ್ತೇನೆ ಎಂದಾಗ ಕಚೇರಿಯ ಹಿರಿಯರು ಸ್ವಲ್ಪ ಗೊಣಗಿದರು, ಆಮೇಲೆ ಒಪ್ಪಿದರು. ಮೂಳೆಗಳು ಇಷ್ಟು ಕಾಲ ಕಾದಿವೆ, ಇನ್ನೊಂದು ಗಳಿಗೆ ಕಾಯುವುದಿಲ್ಲವೇ? ಮರುದಿನ ಅವಳು ಸೈಕಲ್ಲು ಒರಗಿಸಿ ಒಳಗೆ ಬಂದಾಗ ಅಮ್ಮ ಎರಡು ತಟ್ಟೆ ಇಟ್ಟು, ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಮೆಟ್ಟಿಲ ಬಳಿ ನಾಯಿ ಬಂದು ಎಂದಿನಂತೆ ಕಾದು ಕೂತಿತ್ತು. ಅಮ್ಮ ಅದಕ್ಕೆ ಬಿಸ್ಕತ್ತು ಎಸೆದಳು.

"ಇವತ್ತು ಇಷ್ಟೇ ದೊರೆ," ಎಂದಳು. "ಮನೇಲಿ ಊಟಕ್ಕೆ ಜನ ಇದ್ದಾರೆ."