ಸುಡಲೆಂದು ಹೊಲಿದ ಕುರ್ಚಿಗಳು

ಯಂಕಮ್ಮನಿಗೆ ನಗು ಬಂದರೆ ತಡೆಯಲಾಗುತ್ತಿರಲಿಲ್ಲ. ತುಟಿಯಂಚಿನಲ್ಲಿ ಶುರುವಾಗಿ ನಿಧಾನಕ್ಕೆ ಏರುವ ನಗು ಅದಲ್ಲ. ಒಲೆಯ ಮೇಲಿನ ಹಾಲು ಉಕ್ಕಿದ ಹಾಗೆ ಒಮ್ಮೆಲೇ ಬಂದು, ಭುಜ ಕುಲುಕಿಸಿ, ಕಣ್ಣಲ್ಲಿ ನೀರು ತರಿಸಿ, ಎದುರಿಗಿದ್ದವರನ್ನೂ ಎಳೆದುಕೊಂಡು ಹೋಗುವಂಥದ್ದು. ಮಾನ್ವಿ ತಾಲೂಕಿನ ಅವಳ ಊರಿನಲ್ಲಿ ಇದೇ ನಗುವಿನಿಂದ ಎರಡು ಸಂಬಂಧ ತಪ್ಪಿದ್ದವು. ಒಮ್ಮೆ ಗಂಡಿನ ಸೋದರಮಾವ ಉಪ್ಪಿಟ್ಟಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಗೊರಕೆ ಹೊಡೆದಿದ್ದರು. ಇನ್ನೊಮ್ಮೆ ಏನೂ ಆಗಿರಲಿಲ್ಲ; ಗಂಡು ಗಂಟಲು ಸರಿಮಾಡಿಕೊಂಡಿದ್ದನಷ್ಟೆ. “ಹುಡುಗಿ ಚೆಂದ ಐತಿ, ಆದ್ರ ತಲಿ ಸ್ವಲ್ಪ ಸಡ್ಲ ಐತಿ” ಎಂದು ಹೇಳಿ ಕಳಿಸಿದ್ದರು.

ಅವಳ ಅಣ್ಣ ಸಂಗಣ್ಣ ಹೈದರಾಬಾದಿನಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ. ಮಾದಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಕುಷಾಯಿಗೂಡದಲ್ಲಿ ಕೋಣೆ ಹಿಡಿದಿದ್ದ ಅವನು ತಂಗಿಯನ್ನೂ ಕರೆಸಿಕೊಂಡ. ಅವಳು ನಾಲ್ಕು ಜನರ ನಡುವೆ ದುಡಿದರೆ ನಗು ತಾನಾಗಿಯೇ ಹದಕ್ಕೆ ಬರುತ್ತದೆ ಎಂಬುದು ಅವನ ಆಸೆ.

ಆ ಬಡಾವಣೆಯ ಅಂಚಿನಲ್ಲಿ ಸೂರ್ಯನಾರಾಯಣರ ಶೆಡ್ಡು ಇತ್ತು. ಹತ್ತಿರದ ದೊಡ್ಡ ಸರ್ಕಾರಿ ಕಾರ್ಖಾನೆಯ ಎಂಜಿನಿಯರ್ ಕೆಲಸ ಬಿಟ್ಟು, ಮನೆಯವರ ಮಾತನ್ನೂ ಮೀರಿ, ಅವರು ಒಂದೇ ಹುಚ್ಚಿಗೆ ಬಿದ್ದಿದ್ದರು. ಹೊರದೇಶದ ಕಂಪನಿಗಳು ಊರಿಗೆ ಬರುತ್ತಿದ್ದವು. ತಮ್ಮ ಆಫೀಸಿನ ಸೋಫಾಗಳಿಗೆ, ರಾತ್ರಿಪಾಳಿಯವರು ಮಲಗುವ ಗಾದಿಗಳಿಗೆ ಬೆಂಕಿ ತಗುಲಿದರೆ ಹೊತ್ತಿಕೊಳ್ಳಬಾರದು ಎಂಬ ಷರತ್ತು ಅವುಗಳದು. ಸೋಫಾದೊಳಗಿನ ಸ್ಪಂಜಿಗೆ ಕಿಡಿ ಸೋಕಿದರೆ ಸೀಮೆಎಣ್ಣೆಗೆ ಸೋಕಿದ ಹಾಗೆ. ಆ ಸ್ಪಂಜಿಗೂ ಮೇಲಿನ ಬಟ್ಟೆಗೂ ನಡುವೆ ಒಂದು ಬಿಳಿ ನಾರಿನ ಮೆತ್ತೆ ಹಾಕಬೇಕು. ಬೆಂಕಿ ಬಂದಾಗ ಅದು ಕರಗದೆ, ಉರಿಯದೆ, ಕಪ್ಪಗೆ ಗಟ್ಟಿಯಾಗಿ ಗೋಡೆಯ ಹಾಗೆ ಅಡ್ಡ ನಿಲ್ಲಬೇಕು. ಅಂಥ ಮೆತ್ತೆಯನ್ನು ತಾವೇ ಮಾಡುತ್ತೇನೆಂದು ಅವರು ಹೊರಟಿದ್ದರು.

ಕೆಲಸ ಕೇಳಲು ಹೋದ ದಿನ ಯಂಕಮ್ಮ ಅವರ ಮುಖ ನೋಡಿದಳು. ನಾರು ಹಿಂಜುವ ಯಂತ್ರದಿಂದ ಹಾರಿದ ಬಿಳಿ ಎಳೆಯೊಂದು ಅವರ ದಪ್ಪ ಮೀಸೆಯ ಮೇಲೆ ಕುಳಿತು, ಅವರು ಉಸಿರಾಡಿದಾಗೆಲ್ಲ ರೆಕ್ಕೆ ಬಡಿಯುತ್ತಿತ್ತು. ಅವಳು ತುಟಿ ಕಚ್ಚಿದಳು. ಪ್ರಯೋಜನವಾಗಲಿಲ್ಲ.

“ಎಂದುಕಮ್ಮಾ, ಯಾಕ ನಗ್ತಿ?” ಎಂದರು ಸೂರ್ಯನಾರಾಯಣ. ಅವರ ತಾಯಿಯ ತವರು ರಾಯಚೂರು. ತೆಲುಗಿನ ನಡುವೆ ಕನ್ನಡವೂ ಬರುತ್ತಿತ್ತು.

“ಸಾರ್... ಮೀಸಿ... ಮೀಸಿ ಮ್ಯಾಲ ಕೊಕ್ಕರಿ ಕುಂತಂಗ ಐತ್ರಿ!”

ಅವರು ಕನ್ನಡಿಯಲ್ಲಿ ನೋಡಿಕೊಂಡರು. ಬಂದ ನಗುವನ್ನು ನುಂಗಿಕೊಂಡು ಹೇಳಿದರು: “ನಾಳೆ ಬಾಮ್ಮಾ. ಇಲ್ಲಿ ದಿನಾ ಸೋಲೋದೇ ಕೆಲಸ. ನಗೋ ಮಂದಿ ಬೇಕು.”

ಸೋಲುವುದು ಶನಿವಾರಗಳಲ್ಲಿ ನಡೆಯುತ್ತಿತ್ತು. ವಾರವಿಡೀ ನಾರು ಬೆರೆಸಿ, ಹಿಂಜಿ, ಬಿಸಿಗೂಡಿನಲ್ಲಿ ಹಾಯಿಸಿ ತೆಗೆದ ಮೆತ್ತೆಯನ್ನು ಒಂದು ಕುರ್ಚಿಯೊಳಗೆ ಹೊಲಿದು, ಶನಿವಾರ ಮಧ್ಯಾಹ್ನ ಶೆಡ್ಡಿನ ಹಿಂದಿನ ಬಯಲಿನಲ್ಲಿಟ್ಟು ಬೆಂಕಿ ಹಚ್ಚುತ್ತಿದ್ದರು. ಕುರ್ಚಿ ಧಗಧಗನೆ ಉರಿದುಹೋಗುತ್ತಿತ್ತು. ಅಕ್ಕಪಕ್ಕದವರಿಗೆ ಇದು ತಮಾಷೆಯಾಗಿ, ಹುರಿದ ಶೇಂಗಾ ಹಿಡಿದುಕೊಂಡು ಬಂದು ಕಾಂಪೌಂಡಿನ ಮೇಲೆ ಸಾಲಾಗಿ ಕೂರುತ್ತಿದ್ದರು. ಒಂದು ವಾರ ಮೆತ್ತೆ ತೆಳುವಾಗಿರುತ್ತಿತ್ತು, ಇನ್ನೊಂದು ವಾರ ಬೆರಕೆ ತಪ್ಪಿರುತ್ತಿತ್ತು. ಸೂರ್ಯನಾರಾಯಣರು ಬೂದಿಯ ಸುತ್ತ ಸುತ್ತಿ, “ಈ ಸಲ ಸ್ವಲ್ಪ ನಿಧಾನ ಕಾಲಿಂದಿ, ನಿಧಾನ ಸುಟ್ಟಿತು!” ಎಂದು ಹಿಗ್ಗುತ್ತಿದ್ದರು.

ಯಂಕಮ್ಮ ಮೊದಲ ಶನಿವಾರ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ತಿರುಗಿದರೆ, ಬೇವಿನ ಗಿಡದ ಕೆಳಗೆ ಒಬ್ಬ ಎತ್ತರದ ಮನುಷ್ಯ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದ. ಅವನು ಹಂಪಯ್ಯ, ಗಂಗಾವತಿ ಕಡೆಯವನು. ಹಳೇ ಶಹರದ ಉಸ್ತಾದರೊಬ್ಬರ ಕೈಕೆಳಗೆ ಸೋಫಾ ಹೊಲಿಯುವುದನ್ನು ಕಲಿತವನು. ಪ್ರತಿವಾರ ಸುಡುವ ಕುರ್ಚಿಯನ್ನು ಹೊಲಿದುಕೊಡುವುದು ಅವನ ಕೆಲಸ.

“ನಗ್ತೀಯಲ್ಲವಾ, ಅದು ನನ್ನ ವಾರದ ದುಡಿಮಿ” ಎಂದ.

ಯಂಕಮ್ಮ ಉರಿಯುತ್ತಿದ್ದ ಕುರ್ಚಿಯ ಕಡೆ ನೋಡಿದಳು. ತೋಳಿನ ಅಂಚಿಗೆ ಸಣ್ಣ ಸಣ್ಣ ನೆರಿಗೆ, ಬೆನ್ನಿಗೆ ಮಲ್ಲಿಗೆ ಮೊಗ್ಗಿನಷ್ಟು ಗುಂಡಿಗಳು. ಮದುವೆಮನೆಗೆ ಹೋಗಬಹುದಾಗಿದ್ದ ಕುರ್ಚಿ.

“ಸುಡೋ ಕುರ್ಚಿಗೆ ಇಷ್ಟು ಚೆಂದ ಯಾಕ ಹೊಲೀತೀರಿ?”

“ಕುರ್ಚಿಗೇನು ಗೊತ್ತಿರತೈತಿ, ಸುಡ್ತಾರಂತ?” ಎಂದು ಹೇಳಿ ಹಂಪಯ್ಯ ಒಳಗೆ ಹೋದ.

ಅಂದು ಸಂಜೆ ರೊಟ್ಟಿ ಬಡಿಯುವಾಗ ಯಂಕಮ್ಮನಿಗೆ ಆ ಮಾತು ಮತ್ತೆ ಮತ್ತೆ ಕೇಳಿಸಿತು. ಮುಂದಿನ ಶುಕ್ರವಾರ ಅವಳು ಹಂಪಯ್ಯನ ಮೂಲೆಗೆ ಹೋಗಿ, ಕೇಳದೆಯೇ ಹೊಸ ಕುರ್ಚಿಯಲ್ಲಿ ಕುಳಿತಳು.

“ಏ, ಏನು ಮಾಡಾಕತ್ತೀದಿ?”

“ಕುಂದ್ರಾಕತ್ತೀನ್ರಿ. ಸುಡೂಕಿಂತ ಮೊದಲ ಯಾರರ ಒಬ್ಬರು ಕುಂತಿರಬೇಕಿಲ್ಲ?” ಕಣ್ಣುಮುಚ್ಚಿ ಬೆನ್ನು ಒರಗಿಸಿದಳು. “ಭಾಳ ಚಲೋ ಐತಿ. ನಮ್ಮವ್ವನ ಮಡಿಲಿನ್ಹಾಂಗ ಐತಿ.”

ಹಂಪಯ್ಯ ಸೂಜಿ ಹುಡುಕುವವನ ಹಾಗೆ ನೆಲ ನೋಡಿದ. ಸೂಜಿ ಅವನ ಕೈಯಲ್ಲೇ ಇತ್ತು. ಅಂದಿನಿಂದ ಪ್ರತಿ ಶುಕ್ರವಾರ ಅವಳು ಕೂರುವುದು, ತೀರ್ಪು ಹೇಳುವುದು ರೂಢಿಯಾಯಿತು. ಒಂದು ಕುರ್ಚಿ ತಹಶೀಲ್ದಾರರ ಕುರ್ಚಿ ಇದ್ದಂತಿದೆ ಅಂದಳು, ಇನ್ನೊಂದು ಆನೆಯ ಮೇಲೆ ಕೂತಂತಿದೆ ಅಂದಳು. ಹಂಪಯ್ಯನ ಕುರ್ಚಿಗಳು ವಾರದಿಂದ ವಾರಕ್ಕೆ ಇನ್ನಷ್ಟು ಚೆಂದವಾಗುತ್ತ ಹೋದವು. “ಹಂಪಯ್ಯಾ, ಬೆಂಕಿಗೆ ಇಷ್ಟು ಡಿಸೈನು ಎಂದುಕು?” ಎಂದು ಸೂರ್ಯನಾರಾಯಣರು ತಲೆ ಕೆರೆದುಕೊಂಡರು.

ಕೊನೆಗೆ ಅವರು ಹೊರಗಿನಿಂದ ಹೊಸ ಬಗೆಯ ನಾರು ತರಿಸಿದರು. ರೇಯಾನಿನ ಎಳೆಯೊಳಗೇ ಮರಳಿನ ಅಂಶ ಸೇರಿಸಿದ ನಾರು ಅದು. ಉರಿಯಲ್ಲಿ ರೇಯಾನು ಸುಟ್ಟರೂ ಮರಳಿನ ಬಲೆ ನಿಲ್ಲುತ್ತದೆ ಎಂದು ಎಲ್ಲರನ್ನೂ ಕೂಡಿಸಿ ವಿವರಿಸಿದರು. ಅದನ್ನು ಹಿಂಜಿ ಹದಮಾಡಲು ಯಂಕಮ್ಮ ಮತ್ತು ಇತರ ಹೆಂಗಸರು ಬೆವರು ಸುರಿಸಿದರು. ಆ ಶನಿವಾರ ಬೆಂಕಿ ಹಚ್ಚಿದಾಗ ಮೇಲಿನ ಬಟ್ಟೆ ಎಂದಿನಂತೆ ಭಗ್ಗನೆ ಹೊತ್ತಿತು. ಜ್ವಾಲೆ ಬಿಳಿ ಮೆತ್ತೆಯವರೆಗೆ ಬಂತು. ಮೆತ್ತೆ ಕೆಂಪಗಾಯಿತು, ಕಪ್ಪಗಾಯಿತು. ಬೆಂಕಿ ಆಚೀಚೆ ನಾಲಿಗೆ ಚಾಚಿ ಹುಡುಕಾಡಿತು, ದಾರಿ ಸಿಗದೆ ಕುಗ್ಗಿತು, ಪುಸ್ ಎಂದು ಆರಿತು. ಕಾಂಪೌಂಡಿನ ಮೇಲೆ ಶೇಂಗಾ ಅಗಿಯುವ ಸದ್ದೂ ನಿಂತಿತು.

“ಕಾಲಲೇದು!” ಸೂರ್ಯನಾರಾಯಣರು ಕಿರುಚಿದರು. “ಸುಡಲಿಲ್ಲ! ಕಾಲಲೇದು!”

ಹಂಪಯ್ಯನಿಗೆ ಏನಾಯಿತೋ, ಓಡಿಬಂದವನೇ ಹೊಗೆಯಾಡುತ್ತಿದ್ದ ಕುರ್ಚಿಯಲ್ಲಿ ಕುಳಿತುಬಿಟ್ಟ. ಮರುಗಳಿಗೆಯಲ್ಲಿ ಅಷ್ಟೇ ವೇಗವಾಗಿ ಮೇಲೆದ್ದ. ಅವನ ಬಿಳಿ ಪೈಜಾಮದ ಹಿಂಭಾಗದಲ್ಲಿ ಹುಣ್ಣಿಮೆ ಚಂದ್ರನಷ್ಟು ದೊಡ್ಡ ಕರಿ ಮಚ್ಚೆ. ಇಡೀ ಬಯಲು ನಕ್ಕಿತು. ಯಂಕಮ್ಮ ನೆಲಕ್ಕೆ ಕುಸಿದು, ಉಸಿರು ಸಿಗದೆ, ಮಣ್ಣನ್ನು ಕೈಯಿಂದ ಬಡಿದಳು.

ಇನ್ನು ಗಿರಾಕಿಗೆ ತೋರಿಸಬೇಕಿತ್ತು. ಬೇಗಂಪೇಟೆಯ ಒಂದು ಸಾಫ್ಟ್‌ವೇರ್ ಕಂಪನಿ ಹೊಸ ಮಹಡಿಗೆ ಪೀಠೋಪಕರಣ ಹುಡುಕುತ್ತಿತ್ತು. ಸೂರ್ಯನಾರಾಯಣರು ಟೆಂಪೋ ಒಂದರಲ್ಲಿ ಕುರ್ಚಿ, ಇಬ್ಬರು ಕೂರುವ ಸೋಫಾ, ಹಂಪಯ್ಯ, ಯಂಕಮ್ಮ ಎಲ್ಲರನ್ನೂ ಹೇರಿಕೊಂಡು ಹೋದರು. ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಸುಟ್ಟು ತೋರಿಸಲು ಒಪ್ಪಿಗೆ ಸಿಕ್ಕಿತ್ತು. ಅಲ್ಲಿನ ವ್ಯವಸ್ಥೆ ನೋಡಿಕೊಳ್ಳುವವಳು ಚಿತ್ರಾ ಎಂಬ ಮೈಸೂರಿನ ಹುಡುಗಿ. ಯಂಕಮ್ಮನ ಮಾತು ಕೇಳಿ, “ಅಯ್ಯೋ, ಕನ್ನಡದವರಾ! ಬನ್ನಿ ಬನ್ನಿ” ಎಂದು ಕೈಹಿಡಿದುಕೊಂಡಳು. ಒಪ್ಪಿಗೆಯ ವಿಷಯ ಎಲ್ಲರಿಗೂ ಗೊತ್ತಿತ್ತು, ಕಾವಲುಗಾರ ಜನಾರ್ದನನೊಬ್ಬನನ್ನು ಬಿಟ್ಟು. ಬೆಂಕಿ ಆರಿಸುವ ತರಬೇತಿಯನ್ನು ಆಗಷ್ಟೇ ಮುಗಿಸಿ, ಒಂದೇ ಒಂದು ಬೆಂಕಿಗಾಗಿ ಅವನು ಹಂಬಲಿಸುತ್ತಿದ್ದ.

ಕುರ್ಚಿಗೆ ಬೆಂಕಿ ಹಚ್ಚಿ ಸೂರ್ಯನಾರಾಯಣರು ಭಾಷಣ ಶುರುಮಾಡುವಷ್ಟರಲ್ಲಿ ಜನಾರ್ದನ ಕೆಂಪು ಸಿಲಿಂಡರು ಎತ್ತಿಕೊಂಡು ಗೂಳಿಯಂತೆ ನುಗ್ಗಿ ಬಂದ. ಭುಸ್ಸೆಂದು ಬಿಳಿ ಪುಡಿ ಹಾರಿತು. ಕುರ್ಚಿ ಕಾಣದಾಯಿತು.

“ಸಾಬ್, ಬುಝಾ ದಿಯಾ!” ಎಂದು, ಬೆಂಕಿ ಆರಿಸಿದ ಹೆಮ್ಮೆಯಲ್ಲಿ ಅವನು ಸೆಲ್ಯೂಟ್ ಹೊಡೆದ.

ಚಿತ್ರಾ ಅವನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ತಿಳಿಸಿ ಹೇಳಿದಳು. ತಾನು ಕೈ ಎತ್ತಿದರೆ ಮಾತ್ರ ಸಿಲಿಂಡರು ಮುಟ್ಟಬೇಕು ಎಂದಳು. ಸೋಫಾಕ್ಕೆ ಬೆಂಕಿ ಇಟ್ಟರು. ಜನಾರ್ದನ ಕೊಳವೆ ಹಿಡಿದು, ಚಿತ್ರಾಳ ಕೈಯನ್ನೇ ನೋಡುತ್ತ ನಿಂತ. ಬಟ್ಟೆ ಉರಿಯಿತು. ಮೆತ್ತೆ ಕಪ್ಪಗಾಗಿ ಬಿಗಿಯಿತು. ಜ್ವಾಲೆ ಇಳಿಯಿತು, ಇನ್ನೂ ಇಳಿಯಿತು, ಆರಿಯೇಹೋಯಿತು. ಚಿತ್ರಾಳ ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ನೆತ್ತಿಯ ಮೇಲೆಯೇ ವಿಮಾನವೊಂದು ಭೋರ್ಗರೆಯುತ್ತ ಕೆಳಗಿಳಿಯಿತು. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸುವಂತಿರಲಿಲ್ಲ. “ನೋಡಿ, ಆರಿತು!” ಎಂದು ಖುಷಿಯಿಂದ ಚಿತ್ರಾ ಕೈ ಎತ್ತಿದಳು.

ಜನಾರ್ದನ ಈ ಸಲ ಯಾರನ್ನೂ ಬಿಡಲಿಲ್ಲ. ಸೋಫಾ, ಸಾಹೇಬರು, ಚಿತ್ರಾ, ಸೂರ್ಯನಾರಾಯಣರ ಮೀಸೆ, ಎಲ್ಲವೂ ಬಿಳಿಯಾದವು. ಯಂಕಮ್ಮ ನಗಲು ಬಾಯಿ ತೆರೆದರೆ ಪುಡಿಯೇ ಹೊರಬಂತು. ಆಗ ಪಕ್ಕದಲ್ಲಿ, ಸೈಕಲ್ಲಿಗೆ ಗಾಳಿ ಹೊಡೆಯುವಾಗ ಬರುವಂಥ ಒಂದು ಕೀಚಲು ಸದ್ದು ಕೇಳಿಸಿತು. ನೋಡಿದರೆ ಹಂಪಯ್ಯ ನಗುತ್ತಿದ್ದ. ಬಹಳ ಕಾಲದಿಂದ ಬಳಸದ ನಗು, ಕಿರುಗುಟ್ಟುತ್ತ, ನಿಂತು ನಿಂತು ಬರುತ್ತಿತ್ತು. ನಗುತ್ತಲೇ ಅವನು ಚಾಕು ತೆಗೆದು ಸೋಫಾದ ಕರಕಲು ಪದರ ಸೀಳಿದ. ಒಳಗೆ ಹಳದಿ ಸ್ಪಂಜು ಒಂದು ಕಲೆಯೂ ಇಲ್ಲದೆ ಹೊಸದಾಗಿಯೇ ಇತ್ತು. ಸಾಹೇಬರು ಕೈಯಿಟ್ಟು ನೋಡಿ, ಕೆಮ್ಮುತ್ತ, ಸೋಫಾದ ಜತೆಗೆ ಗಾದಿಗಳೂ ನಿಮ್ಮವೇ ಇರಲಿ ಎಂದರು.

ವಾಪಸು ಬರುವಾಗ ಸೂರ್ಯನಾರಾಯಣರು ಡ್ರೈವರನ ಪಕ್ಕದಲ್ಲಿ ಕೂತರು. ಹಿಂದೆ, ತೆರೆದ ಟೆಂಪೋದಲ್ಲಿ, ಸುಟ್ಟ ಸೋಫಾದ ಮೇಲೆ ಗೋಣಿಚೀಲ ಹಾಸಿಕೊಂಡು ಯಂಕಮ್ಮ ಮತ್ತು ಹಂಪಯ್ಯ ಕೂತರು. ಮೈತುಂಬ ಬಿಳಿ ಪುಡಿ ಮೆತ್ತಿದ ಇಬ್ಬರು, ದರ್ಬಾರಿಗೆ ಹೊರಟವರ ಹಾಗೆ ಸಿಕಂದರಾಬಾದಿನ ರಸ್ತೆಗಳಲ್ಲಿ ಸಾಗಿದರು. ಬಸ್ಸಿನ ಕಿಟಕಿಗಳಿಂದ ಜನ ಕೈಬೀಸಿದರೆ ಯಂಕಮ್ಮ ತಾನೂ ಬೀಸಿದಳು.

“ಹಂಪಯ್ಯ, ನಾ ಇವತ್ತ ನಮ್ಮ ಅಣ್ಣಗ ಹೇಳಾಕಿ” ಎಂದಳು.

“ಏನಂತ?”

“ನಿಮ್ಮನ್ನ ಮದುವಿ ಆಗ್ತೀನಂತ. ಒಲ್ಲೆ ಅನ್ನೂದಿದ್ರ ಈಗ ಇಳೀರಿ, ಟೆಂಪೋ ಭಾಳ ಜೋರ್ ಇಲ್ಲ.”

ಹಂಪಯ್ಯ ಸೋಫಾದ ತೋಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

ಮೌಲಾಲಿ ದಾಟುವಾಗ ವಾಹನಗಳು ನಿಂತುಹೋದವು. ಪಕ್ಕದಲ್ಲಿ ಕೆಲಸದಿಂದ ಮರಳುವ ಕೂಲಿಗಳ ಲಾರಿ ಬಂದು ನಿಂತಿತು. ಅದರ ತುದಿಯಲ್ಲೇ ಸಂಗಣ್ಣ ನಿಂತಿದ್ದ.

“ಏ ಯಂಕೀ! ಏನಿದು ವೇಷ?”

“ಅಣ್ಣಾ, ಇವರು ಹಂಪಯ್ಯ! ಇವರನ್ನ ಮದುವಿ ಆಗಾಕಿ ನಾ!”

ಲಾರಿಯಲ್ಲಿದ್ದವರೆಲ್ಲ ಈ ಕಡೆ ತಿರುಗಿದರು. ಹಂಪಯ್ಯ ನಮಸ್ಕಾರ ಮಾಡಲು ಎದ್ದ, ಟೆಂಪೋ ಜಗ್ಗಿತು, ಧೊಪ್ಪನೆ ಕೂತ. ಯಾರೋ ಸಿಳ್ಳೆ ಹೊಡೆದರು.

ಸಂಗಣ್ಣ ಮುಖ ಗಂಟುಹಾಕಿಕೊಂಡು, “ಏನು ಕೆಲಸ ಮಾಡ್ತೀಪಾ?” ಎಂದು ಕೂಗಿದ.

“ಕುರ್ಚಿ ಹೊಲೀತೀನ್ರೀ!”

“ಇಕೀ ನಗು ಕೇಳೀಯೇನು?”

“ವರ್ಷ ಆತ್ರಿ, ಕೇಳಾಕತ್ತೀನಿ! ಇನ್ನೂ ಬೇಕ್ರೀ!”

ಸಂಗಣ್ಣನ ಮುಖ ಇನ್ನೂ ಗಂಟಾಗಿಯೇ ಇತ್ತು, ಆದರೆ ಹೊಟ್ಟೆ ಕುಲುಕತೊಡಗಿತ್ತು. ಮನೆತನದ ರೋಗ ಅದು, ತಂಗಿಯೊಬ್ಬಳಿಗೇ ಬಂದದ್ದಲ್ಲ. ಲಾರಿ ಮುಂದೆ ಸರಿದಾಗ ಅವನು ಪಕ್ಕದವನ ಹೆಗಲಿಗೆ ತಲೆಯಿಟ್ಟು ನಗುತ್ತಿದ್ದ.

ಮದುವೆ ಕುಷಾಯಿಗೂಡದಲ್ಲೇ, ಬೀದಿಗೆ ಶಾಮಿಯಾನ ಹಾಕಿ ಆಯಿತು. ಚಿತ್ರಾ ತನ್ನ ಆಫೀಸಿನ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಬಂದು, ಮಾನ್ವಿಯ ಹೆಂಗಸರ ಜತೆ ಚಪ್ಪಲಿ ಹರಿಯುವವರೆಗೆ ಕುಣಿದಳು. ಸೂರ್ಯನಾರಾಯಣರು ಆಶೀರ್ವಾದಕ್ಕೆಂದು ಮೈಕು ತೆಗೆದುಕೊಂಡು ನಾರಿನ ಬಗ್ಗೆ ಮಾತಾಡಿದರು. ಕರೆಂಟು ಹೋದರೂ ನಿಲ್ಲಿಸಲಿಲ್ಲ. ಧಾರೆಯ ಹೊತ್ತಿನಲ್ಲಿ ಮಂತ್ರದ ನಡುವೆ ಯಂಕಮ್ಮ ನಕ್ಕಳು, ಹಂಪಯ್ಯನ ಸೈಕಲ್ ಪಂಪು ಶುರುವಾಯಿತು, ಮಂತ್ರ ಹೇಳುತ್ತಿದ್ದ ಅಯ್ಯನವರು ಕೂಡ ಹೆಗಲಮೇಲಿನ ವಸ್ತ್ರದಿಂದ ಬಾಯಿ ಮುಚ್ಚಿಕೊಂಡರು.

ಮುಂದೆ ಶೆಡ್ಡು ದೊಡ್ಡದಾಯಿತು. ಶಂಶಾಬಾದಿನ ಹೊಸ ವಿಮಾನ ನಿಲ್ದಾಣದ ಹತ್ತಿರದ ಹೋಟೆಲುಗಳಿಗೂ ಅವರ ಗಾದಿಗಳು ಹೋದವು. ಹಿಂಜುವ ಯಂತ್ರಗಳ ಜವಾಬ್ದಾರಿ ಯಂಕಮ್ಮನಿಗೆ ಬಂತು. ಆದರೂ ಪ್ರತಿ ಹೊಸ ಬೆರಕೆಗೆ ಒಂದು ಕುರ್ಚಿ ಸುಡಲೇಬೇಕಿತ್ತು, ಹಂಪಯ್ಯನಿಗೆ ಅದು ಎಂದಿಗೂ ಒಗ್ಗಲಿಲ್ಲ. ಅಂಥ ದಿನ ಅವನು ರಸ್ತೆ ಮೂಲೆಯ ಇರಾನಿ ಹೋಟೆಲಿಗೆ ಹೋಗಿ ಕೂರುತ್ತಿದ್ದ. ಮುಂದಿದ್ದ ಚಹಾ ತಣ್ಣಗಾಗುತ್ತಿತ್ತು. ಯಂಕಮ್ಮ ಶೆಡ್ಡಿನ ಗೇಟಿನಿಂದ “ಕುರ್ಚಿ ಉಳೀತೂ!” ಎಂದು ಕೂಗಿದ ಮೇಲೆ ಅವಳಿಗೊಂದು, ತನಗೊಂದು ಬಿಸಿ ಚಹಾ ಹೇಳುತ್ತಿದ್ದ.