ತಿಮ್ಮುವಿನ ಸ್ವರದ ಗಿರಿಜಕ್ಕ

"ನಿನ್ನೆಯೂ ಬಂಗಡೆ, ಮೊನ್ನೆಯೂ ಬಂಗಡೆ, ಇವತ್ತೂ ಬಂಗಡೆ! ನಾ ಎಂತ ಬೆಕ್ಕಾ?" ಎಂದು ಹೊನ್ನಾವರದ ಮೀನುಪೇಟೆಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ಮೂಗಿನಲ್ಲಿ ರಾಗ ಎಳೆಯುತ್ತಿದ್ದ. ಒಣಸಿಗಡಿ ಕೊಳ್ಳಲು ಬಂದಿದ್ದ ದಾಮಣ್ಣ ಹುಡುಗನನ್ನು ನೋಡಲೆಂದು ತಿರುಗಿದರೆ ಅಲ್ಲಿ ಹುಡುಗನೇ ಇಲ್ಲ. ಒಣಮೀನಿನ ಬುಟ್ಟಿಗಳ ಹಿಂದೆ ನಲವತ್ತು ದಾಟಿದ ದಪ್ಪ ಹೆಂಗಸೊಬ್ಬಳು, ತನ್ನ ಮಗ ಚಿಕ್ಕವನಿದ್ದಾಗ ಮಾಡುತ್ತಿದ್ದ ಹಟವನ್ನು ಪಕ್ಕದವಳಿಗೆ ಆಡಿ ತೋರಿಸುತ್ತಿದ್ದಳು. ದಾಮಣ್ಣ ಸಿಗಡಿ ಮರೆತು ಅವಳ ಎದುರು ಕುಕ್ಕರಗಾಲಿನಲ್ಲಿ ಕೂತು, "ಇನ್ನೊಂದ್ ಸಲ ಹೇಳು" ಎಂದರಂತೆ. ಅವಳು ಗಿರಿಜಕ್ಕ.

ದಾಮಣ್ಣ ಬಹಳ ವರ್ಷ ಮುಂಬೈಯಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ಕುಮಟೆಗೆ ಮರಳಿದವರು. ಟಯರ್ ಅಂಗಡಿಯೊಂದರ ಮಾಳಿಗೆಯ ಕೋಣೆಯಲ್ಲಿ, ಸದ್ದು ತಡೆಯಲು ಗೋಡೆಗಳಿಗೆ ಹಳೇ ಗೋದಡಿಗಳನ್ನು ಹೊಡೆದು, ಸ್ಟುಡಿಯೋ ಮಾಡಿಕೊಂಡಿದ್ದರು. ಮಕ್ಕಳ ಸಾಹಸದ ಕಾರ್ಟೂನ್ ಧಾರಾವಾಹಿಯೊಂದನ್ನು ಕನ್ನಡಕ್ಕೆ ಡಬ್ಬಿಂಗ್ ಮಾಡುವ ಕೆಲಸ ಮುಂಬೈಯ ಕಂಪನಿಯೊಂದರಿಂದ ಅವರಿಗೆ ಬಂದಿತ್ತು. ಕನ್ನಡದಲ್ಲಿ ಅದಕ್ಕೆ ಇಟ್ಟ ಹೆಸರು 'ತಿಮ್ಮುವಿನ ತೆಪ್ಪ'. ತಿಮ್ಮು ಎಂಬ ಹುಡುಗ ತೆಪ್ಪದಲ್ಲಿ ಆಡುತ್ತಿರುವಾಗ ನೆರೆ ಬಂದು ಅವನನ್ನು ಕಡಲಿಗೆ ಒಯ್ಯುತ್ತದೆ. ಆಮೇಲೆ ದ್ವೀಪದಿಂದ ದ್ವೀಪಕ್ಕೆ ಅಲೆಯುತ್ತ, ಒಂದು ನೀರುನಾಯಿಯ ಜೊತೆಗೆ, ಅವನು ಮನೆಯ ದಾರಿ ಹುಡುಕುತ್ತಾನೆ. ಕಡಲ್ಗಳ್ಳರ ನಾಯಕನ ಸ್ವರಕ್ಕೆ ಭಟ್ಕಳದ ಬಟ್ಟೆ ಅಂಗಡಿಯ ಇಸ್ಮಾಯಿಲ್ ಭಾಯಿ ಸಿಕ್ಕಿದ್ದರು. ಕಾಯ್ಕಿಣಿಯಿಂದ ಭಟ್ಕಳದ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದ ನನಗೆ ನೀರುನಾಯಿಯ ಸ್ವರ; ಜೊತೆಗೆ ಆಗೊಮ್ಮೆ ಈಗೊಮ್ಮೆ ಹುಡುಗನ ಕನಸಿನಲ್ಲಿ ಬರುವ ಅಮ್ಮನದ್ದೂ. ಸಿಗದೆ ಉಳಿದಿದ್ದವನು ತಿಮ್ಮು ಮಾತ್ರ. ದಾಮಣ್ಣ ಎಷ್ಟೋ ಹುಡುಗಿಯರನ್ನು ಕರೆಸಿ ನೋಡಿ, "ಎಲ್ಲರೂ ಮಕ್ಕಳ ಹಾಂಗೆ ಆಡ್ತಾರೆ, ಯಾರೂ ಹುಡುಗ ಆಗೂದಿಲ್ಲ" ಎಂದು ಕೈಚೆಲ್ಲಿದ್ದರು.

ಗಿರಿಜಕ್ಕ ಹುಡುಗನಾಗುತ್ತಿದ್ದಳು. ಮೈಕಿನ ಮುಂದೆ ನಿಂತ ಕೂಡಲೇ ಚಪ್ಪಲಿ ಬಿಡುವಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲಿನ ಹೆಬ್ಬೆರಳಿನಿಂದ ಇನ್ನೊಂದು ಕಾಲಿನ ಮೀನಖಂಡ ಕೆರೆದುಕೊಳ್ಳುವಳು. ತಿಮ್ಮು ಓಡುವಾಗ ನಿಂತಲ್ಲೇ ಓಡುವಳು. ಅಷ್ಟು ದಪ್ಪದ ದೇಹ ಸದ್ದಿಲ್ಲದೆ ಹೇಗೆ ಕುಣಿಯುತ್ತಿತ್ತೋ! ಆ ಸ್ವರ ಗಂಟಲಿನ ಯಾವ ಮೂಲೆಯಿಂದ ಬರುತ್ತದೆ ಎಂದು ನಾನೊಮ್ಮೆ ಕೇಳಿದೆ. ಅವಳು ನಕ್ಕಳು.

"ಗಂಟ್ಲಲ್ಲಿ ಎಂತದೂ ಇಲ್ಲ ತಂಗಿ. ಹುಡುಗ್ರ ಸ್ವರ ಇರೂದು ಕಾಲಲ್ಲಿ. ನಮ್ಮನಿ ನವೀನ ಹತ್ತು ವರ್ಷದವ ಇರೂವಾಗ ಒಂದು ಗಳಿಗೆ ನೆಲದ ಮೇಲೆ ಕಾಲಿಟ್ಟವನಲ್ಲ. ಅವನ ಕಾಲು ನೆನೆಸ್ಕಂಡ್ರೆ ಸಾಕು, ಸ್ವರ ತನ್ನಷ್ಟಕ್ಕೇ ಬತ್ತದೆ."

ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಕುಮಟೆಯ ಬಸ್ಸು ಹತ್ತುತ್ತಿದ್ದೆ. ಅವಳು ಹೊನ್ನಾವರದಲ್ಲಿ ಹತ್ತುವಳು. ಬುಟ್ಟಿಯ ವಾಸನೆಗೆ ಯಾರಾದರೂ ಮೂಗು ಮುಚ್ಚಿದರೆ ಬೇಕೆಂದೇ ಅವರ ಪಕ್ಕಕ್ಕೆ ಹೋಗಿ ಕೂರುವಳು. ಒಂದು ದಿನ ಮುದುಕಿಯೊಬ್ಬಳು ಇಳಿಯುವ ಮೊದಲೇ ಡ್ರೈವರ್ ಬಸ್ಸು ಬಿಟ್ಟ. "ನಿಲ್ಸೋ ಮಾಮಾ, ನನ್ನಜ್ಜಿ ಬಿದ್ದೋತದೆ!" ಎಂದು ಹುಡುಗನ ಕೂಗು ಕೇಳಿ ಅವನು ಬ್ರೇಕು ಒತ್ತಿದ. ಕಂಡಕ್ಟರ್ ಸೀಟಿನ ಸಂದಿಗಳಲ್ಲೆಲ್ಲ ಬಗ್ಗಿ ಆ ಹುಡುಗನನ್ನು ಹುಡುಕಿದ. ಗಿರಿಜಕ್ಕ ಕಿಟಕಿಯ ಹೊರಗೆ ಗಂಭೀರವಾಗಿ ನೋಡುತ್ತಿದ್ದಳು. ಮುದುಕಿ ಕೆಳಗಿಳಿದವಳು ತಿರುಗಿ, "ಯಾರ ಮಗನಾ, ಚಂದ ಇರು" ಎಂದು ಇಡೀ ಬಸ್ಸಿಗೆ ಹರಸಿ ಹೋದಳು.

ಅವಳ ಗಂಡ ಮಲ್ಪೆಯ ಬೋಟಿನಲ್ಲಿದ್ದ. ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲಿಸುವ ಬಂದಿಯಲ್ಲಷ್ಟೆ ಮನೆಯಲ್ಲಿ ಇರುವವನು. ಇಪ್ಪತ್ತು ದಾಟಿದ್ದ ಮಗ ನವೀನ ಮೀನು ಸಾಗಿಸುವ ಪಿಕಪ್ಪಿನ ಡ್ರೈವರ್. ಮಾತು ಕಡಿಮೆ. ಕುಮಟೆಯಲ್ಲಿ ಬಸ್ಸು ತಪ್ಪಿದ ದಿನ ಬೈಕು ತಂದು ತಾಯಿಯನ್ನು ಕರೆದುಕೊಂಡು ಹೋಗುತ್ತಿದ್ದ. ನಾನು ಅವನನ್ನು ಹತ್ತಿರದಿಂದ ಕಂಡದ್ದು ಒಮ್ಮೆ. ಟಯರ್ ಅಂಗಡಿಯ ಎದುರು ಬೈಕಿನ ಮೇಲೆ ಕೂತು ಫೋನಿನಲ್ಲಿ ಏನೋ ನೋಡುತ್ತಿದ್ದ. ನಾವು ಮೆಟ್ಟಿಲಿಳಿದು ಬಂದ ಕೂಡಲೇ ಫೋನು ಕಿಸೆಗೆ ಹಾಕಿದ. ಅದರೊಳಗಿಂದ ನನ್ನ ನೀರುನಾಯಿ ಇನ್ನೂ ವಟಗುಟ್ಟುತ್ತಿತ್ತು.

"ಸಿಕ್ಬಿದ್ದ ನೋಡು!" ಎಂದು ಗಿರಿಜಕ್ಕ ಚಪ್ಪಾಳೆ ತಟ್ಟಿದಳು. "ಮನಿಲಿ, 'ನನ್ನ ಸಣ್ಣಕಿನ ಸ್ವರ ಊರಿಗೆಲ್ಲಾ ಹಂಚ್ಬೇಡ, ದೋಸ್ತರು ನಗಾಡ್ತ್ರು' ಅಂತಾನೆ. ಇಲ್ಲಿ ಕೂತು ನೋಡೂದು ಇದು!"

ಅವನ ಕಿವಿ ಕೆಂಪಾಯಿತು. "ಸಾಕು ಅಮ್ಮ, ಹತ್ತು" ಎಂದ. ಅಷ್ಟೇ.

ಧಾರಾವಾಹಿ ಎರಡನೇ ವರ್ಷ ನಡೆಯುತ್ತಿರುವಾಗ, ಕೊನೆಯ ಕೆಲವು ಕಂತುಗಳಷ್ಟೇ ಉಳಿದಿದ್ದಾಗ, ಒಂದು ಬೆಳಿಗ್ಗೆ ಹೊನ್ನಾವರದ ಆಚೆ ಹೆದ್ದಾರಿಯಲ್ಲಿ ನವೀನನ ಬೈಕಿಗೆ ಲಾರಿ ತಾಗಿತು. ಗಿರಿಜಕ್ಕ ಪೇಟೆಯಲ್ಲಿದ್ದಳು. ಸುದ್ದಿ ತಿಳಿದು ಆಸ್ಪತ್ರೆಗೆ ಓಡುವಷ್ಟರಲ್ಲಿ ಅವನನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದರು. ನಮ್ಮ ಕಡೆ ತಲೆಗೆ ಪೆಟ್ಟಾಯಿತೆಂದರೆ ಮಣಿಪಾಲವೇ. ಆ ದಾರಿ ಎಷ್ಟು ಉದ್ದವೆಂದು ನಮ್ಮ ಮೂರು ತಾಲೂಕಿನ ಪ್ರತಿ ಮನೆಗೂ ಗೊತ್ತು. ಮೀನಿನ ಕೈಯಲ್ಲೇ ಅವಳು ಹತ್ತಿ ಅವನ ಪಕ್ಕ ಕೂತಳು. ಮುರ್ಡೇಶ್ವರ, ಭಟ್ಕಳ, ಶಿರೂರು ದಾಟಿದರು. ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲೇ ಹೋಗಿರಬೇಕು. ದಿನಕ್ಕೆ ಎಷ್ಟೋ ಸೈರನ್ನು ಕೇಳುತ್ತವೆ. ಯಾವುದಕ್ಕೂ ತಲೆಯೆತ್ತದೆ ನಾನು ಪಾಠ ಮಾಡುತ್ತಿದ್ದೆನೇನೋ. ಬೈಂದೂರು ದಾಟಿದ ಮೇಲೆ ಆಂಬುಲೆನ್ಸು ಮುಂದೆ ಹೋಗುವ ಅಗತ್ಯ ಉಳಿಯಲಿಲ್ಲ.

ನಾವು ಅವಳ ಮನೆಗೆ ಹೋದಾಗ ಅವಳು ಗೋಡೆಗೆ ಒರಗಿ ಕೂತಿದ್ದಳು. ಮಲ್ಪೆಯಿಂದ ಬಂದಿದ್ದ ಗಂಡ ಅಂಗಳದಲ್ಲಿ ಬಲೆ ಬಿಡಿಸುತ್ತಿದ್ದ. ಬಿಡಿಸಿದ್ದನ್ನೇ ಮತ್ತೆ ಮತ್ತೆ ಬಿಡಿಸುತ್ತಿದ್ದ. ಇಸ್ಮಾಯಿಲ್ ಭಾಯಿ ಹೊರಗೆ ಹೋಗಿ ಆ ಗಂಡನ ಪಕ್ಕ ಕೂತು ತಾವೂ ಬಲೆಯ ಒಂದು ತುದಿ ಹಿಡಿದುಕೊಂಡರು. ಆಮೇಲೆ ಎಷ್ಟೋ ವಾರ ಕಡಲ್ಗಳ್ಳರ ನಾಯಕನ ಗಹಗಹಿಸುವ ನಗು ಅವರಿಗೆ ಬರಲೇ ಇಲ್ಲ. ದಾಮಣ್ಣ ಹಳೇ ನಗುವನ್ನೇ ಕತ್ತರಿಸಿ ಜೋಡಿಸುತ್ತಿದ್ದರು.

ಗಿರಿಜಕ್ಕ ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಕಂಪನಿಯವರು ಬೇರೆ ಹುಡುಗಿಯನ್ನು ಕಳಿಸುತ್ತೇವೆಂದೂ ಹೇಳಿದ್ದರು. ಒಂದು ಶನಿವಾರ ಹೊನ್ನಾವರದಲ್ಲಿ ಬಸ್ಸು ನಿಂತಾಗ ಅವಳು ಹತ್ತಿದಳು. ಬುಟ್ಟಿ ಇರಲಿಲ್ಲ. ಸ್ಟುಡಿಯೋದಲ್ಲಿ ಚಪ್ಪಲಿ ಬಿಟ್ಟು, ಹೆಡ್‌ಫೋನು ಹಾಕಿಕೊಂಡು, ಮೊದಲಿನಂತೆಯೇ ತಿಮ್ಮುವಾದಳು. ತಿಮ್ಮು ಜೋಕು ಮಾಡಿದ, ಮರ ಹತ್ತಿದ, ನೀರುನಾಯಿಯ ಬಾಲ ಎಳೆದ. ಒಂದು ಎಳೆಯೂ ವ್ಯತ್ಯಾಸವಿಲ್ಲ. ಗಾಜಿನ ಈಚೆ ಕೂತ ನಮಗೆ ಅದನ್ನು ಕೇಳುವುದು ಕಷ್ಟವಾಗುತ್ತಿತ್ತು. ಮೈಕಿನಿಂದ ಹಿಂದೆ ಸರಿದ ಕೂಡಲೇ ಅವಳ ಮುಖ ದೀಪ ಆರಿಸಿದ ಹಾಗಾಗುತ್ತಿತ್ತು.

ಕೊನೆಯ ಕಂತು ಬಂತು. ತೆಪ್ಪ ದಡ ಮುಟ್ಟುತ್ತದೆ, ತಿಮ್ಮು ಗುಡ್ಡ ಹತ್ತಿ ಓಡಿ ಮನೆಯ ಬಾಗಿಲು ಬಡಿದು ಕೂಗುತ್ತಾನೆ: "ಅಮ್ಮಾ, ನಾನು ಬಂದೆ! ಬಾಗಿಲು ತೆಗಿ!" ದಾಮಣ್ಣ ಆ ಹಾಳೆಯನ್ನು ಅವಳಿಗೆ ಕೊಡದೆ ಮಡಚಿ ಹಿಡಿದರು.

"ಗಿರಿಜಕ್ಕ, ಇದೊಂದನ್ನ ಬೇರೆಯವರ ಹತ್ರ ಹೇಳಿಸ್ತೆ. ಕೂಗು ಅಷ್ಟೇ, ಗೊತ್ತಾಗೂದಿಲ್ಲ."

"ಬೇಡ" ಎಂದಳು ಅವಳು. "ಅಂವ ಮನಿಗೆ ಬರೂದು ನನ್ನ ಬಾಯಲ್ಲೇ ಆಗ್ಲಿ."

ಒಂದೇ ಟೇಕಿನಲ್ಲಿ ಕೂಗಿದಳು. ಓಡಿ ಬಂದ ಏದುಸಿರು, ಬಾಗಿಲಿನಾಚೆ ಅಮ್ಮ ಇದ್ದೇ ಇರುತ್ತಾಳೆಂಬ ನಂಬಿಕೆ, ಎಲ್ಲವೂ ಅದರಲ್ಲಿತ್ತು. ದಾಮಣ್ಣ ತಲೆ ತಗ್ಗಿಸಿ ಮೆಷಿನ್ನು ನಿಲ್ಲಿಸಿದರು. ಆಮೇಲೆ ನನ್ನ ಸರದಿ. ಆ ಕೂಗಿಗೆ ಅಮ್ಮ "ಬಂದೆಯಾ ಮಗನೇ?" ಎನ್ನಬೇಕು. ಹೆಡ್‌ಫೋನಿನಲ್ಲಿ ಅವಳ ಕೂಗು ಬಂತು. ನಾನು "ಬಂದೆಯಾ" ಎಂದು ಅಲ್ಲೇ ನಿಲ್ಲಿಸಿದೆ. ಇನ್ನೊಮ್ಮೆ ಹಾಕಿದರು. ಆಗಲಿಲ್ಲ. ಮತ್ತೊಮ್ಮೆ. ನಾನು ಅಳುತ್ತಾ ನಿಂತೆ. ಗಿರಿಜಕ್ಕ ಬಾಗಿಲು ದೂಡಿ ಒಳಗೆ ಬಂದು ನನ್ನ ಬೆನ್ನಿನ ಮೇಲೆ ಕೈಯಿಟ್ಟಳು.

"ಆತು, ಆತು. ಬಾಗ್ಲು ತೆಗಿ ತಂಗಿ. ಎಷ್ಟ್ ಹೊತ್ತು ಅವನ್ನ ಹೊರಗೆ ನಿಲ್ಸ್ತೀ?"

ಹೇಗೆ ಹೇಳಿದೆನೋ ತಿಳಿಯದು. ಈಗ ಟೀವಿಯಲ್ಲಿ ಬರುವುದು ಅದೇ. ಕೇಳಿದ ಮಕ್ಕಳು ಅಮ್ಮನಿಗೆ ಶೀತ ಆಗಿದೆ ಎನ್ನುತ್ತಾರೆ.

ಆ ದಿನ ದಾಮಣ್ಣ ಅವಳ ಕೂಗನ್ನು ಫೋನಿಗೆ ಹಾಕಿ ಕೊಡಲು ಹೋದರು. ಮಗನ ನೆನಪಿಗೆ ಇರಲಿ ಎಂದು. ಅವಳು ಕೈ ಮುಂದೆ ಚಾಚಿ ತಡೆದಳು. ಮೆಟ್ಟಿಲಿನ ಮೇಲೆ ಕೂತು ನನಗೆ ಹೇಳಿದ್ದನ್ನು ನಾನು ಮರೆಯುವಂತಿಲ್ಲ.

"ಅದು ನನ್ನ ಸ್ವರ, ಅವಂದಲ್ಲ. ಅವಂದು ಒಡೆದ ಸ್ವರ ಆಗಿತ್ತು. ದಪ್ಪ. ಅದು ನಂಗೆ ನೆನಪಾಗೂದಿಲ್ಲ ತಂಗಿ. ಎಷ್ಟು ಹುಡುಕಿದ್ರೂ ಇಲ್ಲ. ಎರಡು ವರ್ಷ ಈ ಸಣ್ಣವನ ಸ್ವರವೇ ಹೇಳಿ ಹೇಳಿ ಆ ದೊಡ್ಡವನ್ನ ಅಳಿಸಿ ಹಾಕ್ದೆ. ಆಂಬುಲೆನ್ಸಲ್ಲಿ ಅಂವ ಹೇಳ್ದ, 'ಅಮ್ಮ, ಕಿಟಕಿ ತೆಗಿ, ಸೆಕೆ' ಅಂತ. ಅದೇ ಕಡೇ ಮಾತು. ಶಬ್ದ ಎಲ್ಲಾ ನೆನಪುಂಟು. ಆದ್ರೆ ನೆನೆಸ್ಕಂಡಾಗೆಲ್ಲಾ ಹತ್ತು ವರ್ಷದ ಪೋರ ಹೇಳಿದ ಹಾಂಗೆ ಕೇಳ್ತದೆ. ಅವನೇ ಸತ್ತ ಹಾಂಗೆ ಕಾಣ್ತದೆ, ಆ ಸಣ್ಣವ. ದೊಡ್ಡವ ಇರಲೇ ಇಲ್ಲ ಅನ್ನೂ ಹಾಂಗೆ."

ನವೀನನ ಫೋನು ಅಪಘಾತದಲ್ಲಿ ಪುಡಿಯಾಗಿತ್ತು. ಅವನು ತಾಯಿಗೆ ವಾಯ್ಸ್ ಮೆಸೇಜು ಕಳಿಸಿದವನೇ ಅಲ್ಲ. ಉತ್ತರಕ್ಕೆ ಬರೀ ಹೆಬ್ಬೆರಳೆತ್ತಿದ ಚಿತ್ರವೊಂದನ್ನು ಒತ್ತುತ್ತಿದ್ದ. ದೋಸ್ತರ ಫೋನುಗಳಲ್ಲಿ ಹುಡುಕಿಸಿದಳು. ಒಂದು ಮದುವೆಯ ವೀಡಿಯೊದಲ್ಲಿ ಅವನು ಕುಣಿಯುತ್ತಿದ್ದ. ಬ್ಯಾಂಡಿನ ಅಬ್ಬರದಲ್ಲಿ ತುಟಿ ಆಡುವುದಷ್ಟೇ ಕಾಣುತ್ತಿತ್ತು.

ಮಳೆ ಹಿಡಿದ ಮೇಲೆ ದಾಮಣ್ಣನಿಗೆ ಇನ್ನೊಂದು ಧಾರಾವಾಹಿ ಬಂತು. ಗಿರಿಜಕ್ಕನನ್ನು ಕೇಳಿ ಬಾ ಎಂದು ನನ್ನನ್ನು ಕಳಿಸಿದರು. ನಾನು ಹೋದಾಗ ನವೀನನ ಜೊತೆ ಪಿಕಪ್ಪಿನಲ್ಲಿ ಹೋಗುತ್ತಿದ್ದ ಮಂಜು ಎಂಬ ಹುಡುಗ ಜಗಲಿಯಲ್ಲಿ ಕೂತಿದ್ದ. ಅವಳೇ ಕರೆಸಿದ್ದಳು.

"ಅಂವ ನಿನ್ನ ಹ್ಯಾಂಗೆ ಕರೀತಿದ್ದ? ಹಾಂಗೇ ಕರಿ" ಎಂದಳು.

ಮಂಜು ಸ್ವರ ದಪ್ಪ ಮಾಡಿ, "ಏ ಮಂಜ್ಯಾ, ಗಾಡಿ ತೆಗ್ಯಾ" ಎಂದ.

ಗಿರಿಜಕ್ಕ ಕಣ್ಣುಮುಚ್ಚಿ ಕೇಳಿದಳು. "ಅಲ್ಲ" ಎಂದಳು. "ಇನ್ನೊಂದ್ ಸಲ."

ಅವನು ಮತ್ತೆ ಹೇಳಿದ.

"ಅಲ್ಲ. ಅಷ್ಟು ಜೋರಲ್ಲ. ಹೇಳು."

ಅವನು ಹೇಳುತ್ತ ಹೋದ. ಅವಳು ಅಲ್ಲ, ಅಲ್ಲ ಎನ್ನುತ್ತ ಹೋದಳು. ಕೊನೆಗೆ ಮಂಜು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ನಂಗೂ ಮರ್ತೋತು ಅಮ್ಮಾ" ಎಂದು ಗಟ್ಟಿಯಾಗಿ ಅತ್ತ. ಅವಳು ಅವನ ತಲೆ ಸವರಿ, ಗಂಜಿ ಬಡಿಸಿ ಕಳಿಸಿದಳು. ಹೊಸ ಧಾರಾವಾಹಿಯ ಮಾತನ್ನು ನಾನು ಎತ್ತಲಿಲ್ಲ. ಹೊರಡುವಾಗ ಅವಳೇ, "ದಾಮಣ್ಣಂಗೆ ಹೇಳು, ಇನ್ನು ಬತ್ತಿಲ್ಲೆ ಅಂತ" ಎಂದಳು. ಅವಳನ್ನು ನಾನು ಕಣ್ಣಾರೆ ಕಂಡದ್ದು ಅದೇ ಕೊನೆ.

ಗಣಪತಿ ಹಬ್ಬ ಕಳೆದ ಮೇಲೆ ಅವಳು ನಾಲ್ಕಾರು ಹೆಂಗಸರ ಜೊತೆ ರತ್ನಾಗಿರಿಯ ಕಡೆಗೆ, ಸಿಗಡಿ ಸುಲಿಯುವ ಶೆಡ್ಡಿನ ಕೆಲಸಕ್ಕೆ ಹೋದಳೆಂದು ತಿಳಿಯಿತು. ಗಂಡ ಮಲ್ಪೆಗೆ ಮರಳಿದ. ಮನೆಗೆ ಬೀಗ.

ಒಂದು ದಿನ ಊಟದ ಬಿಡುವಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹಿಂದೆ ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಗದ್ದಲ. "ತಂಗೀ" ಎಂದಾಗ ಯಾರೆಂದು ತಿಳಿಯಿತು. ಇಲ್ಲಿ ಮಕ್ಕಳು ಕನ್ನಡ ಮಾತಾಡೂದಿಲ್ಲ, ಅದೊಂದು ಒಳ್ಳೇದಾತು ಎಂದಳು. ಊರಲ್ಲಿ ಯಾವ ಹುಡುಗ ಕೂಗಿದರೂ ತಿರುಗಿ ನೋಡುವಂತಾಗುತ್ತಿತ್ತಂತೆ. ಆಮೇಲೆ, "ನಿನ್ನ ಸ್ವರ ಕೇಳೂವ ಅಂತ ಮಾಡ್ದೆ. ಮಾತಾಡು, ಎಂತದಾದ್ರೂ ಮಾತಾಡು" ಎಂದಳು.

ನನಗೆ ತೋಚಿದ್ದನ್ನು ಮಾತಾಡತೊಡಗಿದೆ. ಕಾಯ್ಕಿಣಿಯ ಗದ್ದೆಗೆ ಈ ಸಲ ಉಪ್ಪುನೀರು ನುಗ್ಗಿದ್ದು, ಇಸ್ಮಾಯಿಲ್ ಭಾಯಿಯ ಮಗಳಿಗೆ ಮದುವೆ ಗೊತ್ತಾದದ್ದು, ನಮ್ಮ ಶಾಲೆಯ ಹಂಚು ಹಾರಿ ಹೋದದ್ದು. ಅವಳು ಹೂಂ ಎನ್ನುತ್ತಿದ್ದಳು. ನಿಲ್ಲಿಸಿದರೆ ಫೋನು ಇಟ್ಟುಬಿಡುತ್ತಾಳೆಂಬ ಹೆದರಿಕೆಯಿಂದ ನಾನು ನಿಲ್ಲಿಸಲಿಲ್ಲ. ಮಲ್ಲಿಗೆಯ ಧಾರಣೆ, ಬಸ್ಸಿನ ಹೊಸ ಹೊತ್ತು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಯಂತ್ರದ ಸದ್ದಿನ ನಡುವೆ ಅವಳ ಹೂಂ ಕೇಳಿಸುತ್ತಿದೆ ಎಂದೇ ನಾನು ತಿಳಿದಿದ್ದೆ.

ಅಷ್ಟರಲ್ಲಿ ಯಾರೋ ಬೇರೆ ಹೆಂಗಸು ಫೋನೆತ್ತಿ, ಇದು ತನ್ನ ಫೋನು, ಕರೆ ಇನ್ನೂ ಇದೆಯೇ ಎಂದು ಕೊಂಕಣಿಯಲ್ಲಿ ಕೇಳಿದಳು. ಗಿರಿಜಕ್ಕನಿಗೆ ಕೊಡಿ ಎಂದೆ. ಅವಳು ಫೋನನ್ನು ಕಟ್ಟೆಯ ಮೇಲಿಟ್ಟು ಆಗಲೇ ಒಳಗೆ ಕೆಲಸಕ್ಕೆ ಹೋದಳಲ್ಲ ಎಂದಳು ಆ ಹೆಂಗಸು.